ಲೀಡ್ಸ್ ಪಟ್ಟಣದ ಪ್ಯಾರಿಷ್: ಚಂದಾದಾರರ ಚರ್ಚೋ, ಊರಿನ ಚರ್ಚೋ?

ಅಯ್ಯನವರೇ, ಸಭೆಯ ಹಿರಿಯರೇ, ಗಾಯನ ಮಂಡಳಿಯ ಗೆಳೆಯರೇ,

ನಮ್ಮ ಚರ್ಚಿನ ಆಡಳಿತ ನೋಡಿಕೊಳ್ಳುವ ಪಾಸ್ಟರೇಟ್ ಕಮಿಟಿಯ ಚುನಾವಣೆ ಹತ್ತಿರ ಬಂತು. ಚಂದಾ ಬಾಕಿ ಉಳಿಸಿಕೊಂಡವರಿಗೆ ಮತ ಇದೆಯೋ ಇಲ್ಲವೋ ಅಂತ ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಜೋರು ಚರ್ಚೆ. ಅದಕ್ಕೇ ಇವತ್ತು ಇಂಗ್ಲೆಂಡಿನ ಲೀಡ್ಸ್ ಪಟ್ಟಣದ ಮಾತು ಎತ್ತಿದ್ದೇನೆ.

1947ರ ಸೆಪ್ಟೆಂಬರ್ 27ರಂದು ಹಲವು ಸಭೆಗಳು ಕೂಡಿ ನಮ್ಮ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಆಯಿತಲ್ಲ, ಆಗ ಆಂಗ್ಲಿಕನ್ನರ, ಅಂದರೆ ಇಂಗ್ಲೆಂಡಿನ ಚರ್ಚಿನವರ ಕಡೆಯಿಂದ ಬಂದದ್ದು ಬಿಷಪ್ ಪದವಿ, ಪ್ರಾರ್ಥನಾ ಪುಸ್ತಕ ಅಂತ ನಾವು ಲೆಕ್ಕ ಹಾಕುತ್ತೇವೆ. ನನಗೆ ಅವೆರಡಕ್ಕಿಂತ ದೊಡ್ಡದಾಗಿ ಕಾಣುವುದು ಪ್ಯಾರಿಷ್. ಒಂದು ಗಡಿ, ಅದರೊಳಗೆ ವಾಸವಿರುವ ಪ್ರತಿಯೊಬ್ಬರೂ ಆ ಚರ್ಚಿನ ಹೊಣೆ. ಚರ್ಚಿಗೆ ಬರಲಿ, ಬಿಡಲಿ. ಇಂಗ್ಲೆಂಡಿನಲ್ಲಿ ಇವತ್ತಿಗೂ ಚರ್ಚ್ ವಾರ್ಡನ್‌ಗಳನ್ನು (ಚರ್ಚಿನ ಆಸ್ತಿಪಾಸ್ತಿ ನೋಡಿಕೊಳ್ಳುವವರನ್ನು) ಆರಿಸುವ ಸಭೆಗೆ ಗಡಿಯೊಳಗಿನ ಊರ ಮತದಾರರ ಪಟ್ಟಿಯಲ್ಲಿ ಹೆಸರಿದ್ದವರು ಬಂದು ಮತ ಹಾಕಬಹುದು. ಚಂದಾ ರಸೀದಿ ಕೇಳುವವರಿಲ್ಲ.

1837ರಲ್ಲಿ ವಾಲ್ಟರ್ ಹುಕ್ ಎಂಬವರು ಲೀಡ್ಸ್‌ಗೆ ವಿಕಾರ್, ಅಂದರೆ ಪ್ಯಾರಿಷಿನ ಪಾದ್ರಿ ಆಗಿ ಬಂದರು. ಬಟ್ಟೆ ಗಿರಣಿಗಳ ಊರು, ಹೊಗೆ, ಒಂದೂವರೆ ಲಕ್ಷದಷ್ಟು ಜನ. ಆಗ ಚರ್ಚ್ ತೆರಿಗೆ ಎಲ್ಲರ ಮೇಲೂ ಇತ್ತು. ಬೇರೆ ಸಭೆಗಳಿಗೆ ಸೇರಿದ ಬ್ಯಾಪ್ಟಿಸ್ಟರೂ ಕೊಡಬೇಕು, ಮೆಥೋಡಿಸ್ಟರೂ ಕೊಡಬೇಕು. ಅವರ ಸಿಟ್ಟು ನ್ಯಾಯವಾದದ್ದೇ ಅನ್ನುತ್ತೇನೆ ನಾನು. ದುಡ್ಡು ಕೊಡುವವರಿಗೆ ಮತವೂ ಇತ್ತು. ಹಾಗಾಗಿ ವಾರ್ಡನ್‌ಗಳಾಗಿ ಆರಿಸಿ ಬಂದವರೇ ಚರ್ಚಿನ ವಿರೋಧಿಗಳು! ಗಾಯಕರ ಬಿಳಿ ನಿಲುವಂಗಿ ಚಿಂದಿಯಾಗಿತ್ತು, ಪ್ರಾರ್ಥನಾ ಪುಸ್ತಕಗಳು ಹರಿದಿದ್ದವು. ಹೊಸದು ತರಲು ಅವರು ಬಿಡಿಗಾಸು ಬಿಚ್ಚಲಿಲ್ಲ. ಸಭೆ ಸೇರಿದಾಗ ಟೋಪಿ, ಕೋಟುಗಳನ್ನೆಲ್ಲ ಕಳಚಿ ಕರ್ತನ ಭೋಜನದ ಮೇಜಿನ ಮೇಲೆ ರಾಶಿ ಹಾಕುತ್ತಿದ್ದರು. ಕೆಲವರು ಅದರ ಮೇಲೇ ಕೂರುತ್ತಿದ್ದರು. ಹುಕ್ ಬೀಗದ ಕೈ ತಮ್ಮ ವಶಕ್ಕೆ ತೆಗೆದುಕೊಂಡು, ಇನ್ನು ಮೇಲೆ ಹೀಗೆ ನಡೆಯಬೇಕಾದರೆ ನನ್ನ ಹೆಣ ದಾಟಿ ಹೋಗಬೇಕು ಅಂದುಬಿಟ್ಟರು.

ಅದೇ ವರ್ಷ ತೆರಿಗೆ ವಿಚಾರಕ್ಕೆ ಬಯಲಲ್ಲಿ ಸಭೆ, ಸಾವಿರಾರು ಜನ. ಒಬ್ಬ ಬ್ಯಾಪ್ಟಿಸ್ಟ್ ಬೋಧಕರು ಹುಕ್ಕರನ್ನು ಬಾಯಿಗೆ ಬಂದಂತೆ ಬೈದರು. ಹುಕ್ ಎದ್ದು ನಿಂತರು. ಕ್ಷಮಿಸು ಅಂತ ನನ್ನ ಧರ್ಮ ಕಲಿಸಿದೆ, ಎಲ್ಲರೆದುರಿಗೇ ಕ್ಷಮಿಸಿದ್ದೇನೆ ಅಂತ ಹೇಳಿ ಕೈ ಚಾಚಿದರು. ಅಲ್ಲಿಗೆ ಜನರ ಮನಸ್ಸು ತಿರುಗಿತು. ನೋಡಿ, ಆ ಕೈ ಚಾಚಿದ್ದು ಸಭಾಸದಸ್ಯನಿಗಲ್ಲ. ಗಡಿಯೊಳಗಿದ್ದ ಎದುರಾಳಿಗೆ. ನಾನು ಪದೇ ಪದೇ ಹೇಳುವುದು ಇದನ್ನೇ.

1842ರಲ್ಲಿ ಇನ್ನೂ ಸೊಗಸಾಯಿತು. ದುಡಿಯುವವರಿಗೂ ಮತದ ಹಕ್ಕು ಬೇಕು ಎನ್ನುತ್ತಿದ್ದ ಚಾರ್ಟಿಸ್ಟರು ವಾರ್ಡನ್‌ಗಳಾಗಿ ಗೆದ್ದುಬಂದರು. ಸಿರಿವಂತರು ಗಾಬರಿಯಾದರು. ಹುಕ್ ಮಾತ್ರ ಅವರ ಪ್ರಾಮಾಣಿಕತೆಯನ್ನು ಬಾಯ್ತುಂಬ ಹೊಗಳಿದರು.

ಗಾಯನ ಮಂಡಳಿಯವರು ಮುಖ ನೋಡುತ್ತಿದ್ದೀರಿ, ನಿಮ್ಮ ವಿಷಯಕ್ಕೂ ಬಂದೆ. 1841ರಲ್ಲಿ ಲೀಡ್ಸ್‌ನ ಹೊಸ ಚರ್ಚು ಪ್ರತಿಷ್ಠೆಯಾಯಿತು. ದಿನವೂ ಹಾಡಿನ ಆರಾಧನೆ. ಮರುವರ್ಷ ಆರ್ಗನ್ ನುಡಿಸಲು ಬಂದವರು ಸ್ಯಾಮ್ಯುಯೆಲ್ ಸೆಬಾಸ್ಟಿಯನ್ ವೆಸ್ಲಿ, ಮೆಥೋಡಿಸ್ಟರ ಚಾರ್ಲ್ಸ್ ವೆಸ್ಲಿಯವರ ಮೊಮ್ಮಗ. ಸಂಜೆಯ ಪ್ರಾರ್ಥನೆಗೆ ಗಿರಣಿ ಕೆಲಸ ಬಿಟ್ಟು ಬಂದವನೂ ಸುಮ್ಮನೆ ಹಿಂದೆ ಕೂತು ಕೇಳಬಹುದಾದದ್ದು ಈ ಸಂಗೀತ. ಚೆನ್ನಾಗಿ ಹಾಡುವುದನ್ನು ಆಡಂಬರ ಅನ್ನುವವರ ಮಾತಿಗೆ ಕಿವಿಗೊಡಬೇಡಿ.

ಕಾರ್ಯದರ್ಶಿಗಳು ಚೀಟಿ ಕಳಿಸಿದ್ದಾರೆ, ಐದು ನಿಮಿಷವಂತೆ. ಹುಕ್ ಹತ್ತು ಗಂಟೆ ದುಡಿಮೆಯ ಕಾನೂನಿಗೆ ದನಿಗೂಡಿಸಿದ್ದು, ಶಾಲೆಗಳ ಬಗ್ಗೆ 1846ರಲ್ಲಿ ಬರೆದದ್ದು, ಇವನ್ನು ಬಿಡುತ್ತೇನೆ. 1844ರದ್ದು ಬಿಡಲಾರೆ. ಇಷ್ಟು ಜನರನ್ನು ಒಬ್ಬ ವಿಕಾರ್ ನೋಡಿಕೊಳ್ಳಲಾಗದು ಅಂತ ಪಾರ್ಲಿಮೆಂಟಿನಿಂದ ಕಾಯಿದೆ ಮಾಡಿಸಿ ತಮ್ಮ ಪ್ಯಾರಿಷನ್ನೇ ಒಡೆದು ಹಂಚಿದರು. ತಮ್ಮ ವರಮಾನವೂ ಕಡಿಮೆಯಾಯಿತು, ಅಧಿಕಾರವೂ ಕಡಿಮೆಯಾಯಿತು.

ಹೊಸ ಕಮಿಟಿಯವರಲ್ಲಿ ನನ್ನ ಕೋರಿಕೆ ಒಂದೇ. ಚಂದಾ ಪುಸ್ತಕದ ಪಕ್ಕದಲ್ಲಿ ಇನ್ನೊಂದು ಪುಸ್ತಕ ಇಡಿ. ನಮ್ಮ ಕಾಂಪೌಂಡಿನ ಸುತ್ತಲಿನ ಬೀದಿಗಳಲ್ಲಿ ಯಾರ ಮನೆಯಲ್ಲಿ ಕಾಯಿಲೆ, ಯಾರ ಮನೆಯಲ್ಲಿ ಸಾವು, ಯಾರು ಒಂಟಿ, ಅದರಲ್ಲಿ ಬರೆಯಿರಿ. ಯಾವ ಜಾತಿ, ಯಾವ ಧರ್ಮ ಅಂತ ಕಾಲಂ ಬೇಡ. ಈ ಭಾನುವಾರವೇ ಶುರುಮಾಡಿ, ಮೊದಲ ಬೀದಿಗೆ ನಾನೂ ಬರುತ್ತೇನೆ.