ಬೆಟ್ಟ ನೋಡೋಕೆ ಬಂದವರಿಗೆ ಒಂದು ಮುದ್ದೆ ಊಟ

ಕೇಳುಗರೆಲ್ಲರಿಗೂ ನಮಸ್ಕಾರ.

ಬೆಂಗಳೂರಿನಿಂದ ಹಳೇ ಮೈಸೂರು ರಸ್ತೆ ಹಿಡಿದು ಬಿಡದಿ ದಾಟಿದರೆ ಬಂಡೆ ಬೆಟ್ಟಗಳು ಒಂದೊಂದಾಗಿ ಕಾಣಿಸಿಕೊಳ್ಳುತ್ತವೆ. ರಾಮನಗರ ಇನ್ನೇನು ಬಂತು ಅನ್ನುವಾಗ ಒಳದಾರಿಗೆ ತಿರುಗಿ ಮೂರು ಕಿಲೋಮೀಟರ್ ಹೋದರೆ ನನ್ನ ತಮ್ಮನ ಹೋಟೆಲ್ ಸಿಗುತ್ತದೆ. ಹೋಟೆಲ್ ಮುಂದೆ ಕೆರೆ. ಕೆರೆಯ ಆಚೆ, ಪಡುವಣ ದಿಕ್ಕಿಗೆ, ಬೋಳು ಬಂಡೆಯ ಬೆಟ್ಟ. ಅಂಥ ಜಾಗ ಸಿಕ್ಕಿತಲ್ಲ ಅಂತ ಮನೆಯವರೆಲ್ಲ ಸಂತೋಷಪಟ್ಟಿದ್ದೆವು.

ಎರಡು ವರ್ಷದ ಹಿಂದೆ ಒಂದು ರಾತ್ರಿ ತಮ್ಮ ಫೋನ್ ಮಾಡಿದ. "ಅಕ್ಕಾ, ಇವತ್ತು ಇಡೀ ದಿನಕ್ಕೆ ಏಳು ಊಟ ಹೋಗಿದೆ. ಮುಚ್ಚಿಬಿಡ್ಲಾ?" ಅಂದ.

ನಾನು ಬೆಂಗಳೂರಿನ ವಿಜಯನಗರದಲ್ಲಿ ಇಪ್ಪತ್ತೆರಡು ವರ್ಷ ಮೆಸ್ ನಡೆಸಿದವಳು. ಏಳು ಊಟ ಅಂದರೆ ಏನು ಅಂತ ನನಗೆ ಗೊತ್ತು. ಅಡುಗೆಯವರ ಸಂಬಳ, ಗ್ಯಾಸು, ಹಾಲು, ಕರೆಂಟು, ಯಾವುದೂ ಅದರಲ್ಲಿ ಹುಟ್ಟುವುದಿಲ್ಲ. ಮಾರನೇ ದಿನವೇ ಬಸ್ ಹತ್ತಿದೆ. ಅಲ್ಲಿ ನಾನು ಕಂಡಿದ್ದನ್ನು, ಆಮೇಲೆ ಅಕ್ಕ ತಮ್ಮ ಸೇರಿ ಮಾಡಿದ್ದನ್ನು ಇವತ್ತು ನಿಮಗೆ ಹೇಳುತ್ತೇನೆ. ನಂದಿ ಬೆಟ್ಟದ ಕಡೆ, ಸಾವನದುರ್ಗದ ಕಡೆ, ಕನಕಪುರ ರಸ್ತೆಯಲ್ಲಿ ಹೀಗೇ ಚೆಂದದ ಜಾಗದಲ್ಲಿ ಹೋಟೆಲ್ ಇಟ್ಟುಕೊಂಡು ಗಿರಾಕಿಗಾಗಿ ದಾರಿ ನೋಡುತ್ತಾ ಕೂತಿರುವವರು ಇದ್ದಾರೆ. ಅವರಿಗೆ ಏನಾದರೂ ಉಪಯೋಗ ಆಗಲಿ ಅನ್ನುವುದು ನನ್ನ ಆಸೆ.

ತಮ್ಮ ಎಲ್ಲದಕ್ಕೂ ರಸ್ತೆಯನ್ನೇ ಬೈಯುತ್ತಿದ್ದ. ಅದರಲ್ಲಿ ನಿಜ ಇಲ್ಲದೇ ಇಲ್ಲ. 2023ರ ಮಾರ್ಚ್‌ನಲ್ಲಿ ದಶಪಥ ಹೆದ್ದಾರಿ ಉದ್ಘಾಟನೆ ಆಯಿತು. ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಎಲ್ಲ ಊರಿನ ಹೊರಗಿಂದಲೇ ಕಾರುಗಳು ಮೈಸೂರು ಸೇರುವಂತಾಯಿತು. ಹಳೇ ರಸ್ತೆಯ ಹೋಟೆಲಿನವರು, ಎಳನೀರಿನವರು, ಬೊಂಬೆ ಅಂಗಡಿಯವರು ಎಲ್ಲರಿಗೂ ಪೆಟ್ಟು ಬಿತ್ತು. ಆದರೆ ಅದೇ ವರ್ಷ ಆಗಸ್ಟ್ 1ರಿಂದ ಆ ಹೆದ್ದಾರಿಯ ಮುಖ್ಯ ಪಥದಲ್ಲಿ ಬೈಕು, ಆಟೋ, ಟ್ರ್ಯಾಕ್ಟರ್ ಹೋಗುವಂತಿಲ್ಲ ಅಂತ ನಿಯಮ ಬಂತು. ಅಂದರೆ ಭಾನುವಾರ ಬೆಳಗಿನ ಜಾವ ಬೆಂಗಳೂರಿನಿಂದ ಬೈಕಿನಲ್ಲಿ ಹೊರಡುವ ಹುಡುಗ ಹುಡುಗಿಯರು ಸರ್ವಿಸ್ ರಸ್ತೆಯಲ್ಲೋ ಹಳೇ ರಸ್ತೆಯಲ್ಲೋ ಬರಬೇಕು. ಏಳು ಗಂಟೆಗೆ ಅವರು ತಮ್ಮನ ಹೋಟೆಲಿನ ತಿರುವು ದಾಟಿ ಹೋಗುತ್ತಿದ್ದರು. ಹೋಟೆಲ್ ಬಾಗಿಲು ತೆರೆಯುತ್ತಿದ್ದುದು ಹನ್ನೊಂದಕ್ಕೆ.

ಮೊದಲ ದಿನ ನಾನು ಆರೂವರೆಗೇ ಎದ್ದು ಕೆರೆ ಏರಿ ಮೇಲೆ ಕೂತೆ. ಹಿಂದಿನಿಂದ ಸೂರ್ಯ ಬಂದ. ಎದುರಿನ ಬಂಡೆ ಮೇಲಿನಿಂದ ಕೆಳಗೆ ನಿಧಾನಕ್ಕೆ ಹೊಂಬಣ್ಣಕ್ಕೆ ತಿರುಗಿತು. ನೀರಿನಲ್ಲೂ ಅದೇ ಬಣ್ಣ. ಹೆಚ್ಚೆಂದರೆ ಮುಕ್ಕಾಲು ಗಂಟೆ. ಎಂಟು ಗಂಟೆಗೆ ಅದು ಬರೀ ಬೂದು ಕಲ್ಲು. ಆ ಜಾಗದ ಒಳ್ಳೇ ಹೊತ್ತು ಅದು, ಆ ಹೊತ್ತಿನಲ್ಲಿ ಹೋಟೆಲ್ ಬೀಗ ಹಾಕಿತ್ತು. ಇನ್ನು ಮಧ್ಯಾಹ್ನ ಕೇಳಿ. ಸಾಲ ಮಾಡಿ ಕೆರೆ ಕಡೆಗೆ ದೊಡ್ಡ ಗಾಜಿನ ಗೋಡೆ ಇಡಿಸಿ ಏಸಿ ಹಾಕಿಸಿದ್ದ. ಎರಡು ಗಂಟೆ ಆಗುತ್ತಿದ್ದಂತೆ ಪಡುವಣ ಬಿಸಿಲು ನೇರ ಊಟದ ಮೇಜಿಗೆ ಬೀಳುತ್ತದೆ. ಹಾಗಾಗಿ ಪರದೆ ಎಳೆಯುತ್ತಿದ್ದರು. ಬೆಟ್ಟ ನೋಡೋಣ ಅಂತ ಐವತ್ತು ಕಿಲೋಮೀಟರ್ ಬಂದವರು ಪರದೆ ನೋಡಿಕೊಂಡು ಊಟ ಮಾಡಿ ಹೋಗುತ್ತಿದ್ದರು. ಮತ್ತೆ ಯಾಕೆ ಬರುತ್ತಾರೆ, ಹೇಳಿ?

ಹೊತ್ತನ್ನು ಬದಲಾಯಿಸಿದ್ದೇ ನಾವು ಮಾಡಿದ ಮೊದಲ ಕೆಲಸ. ಬೆಳಿಗ್ಗೆ ಆರೂವರೆಗೆ ಕಾಫಿ, ಏಳಕ್ಕೆ ತಿಂಡಿ. ಗಾಜಿನ ಕೋಣೆಯ ಹೊರಗೆ, ಹೊಂಗೆ ಮರಗಳ ಪಕ್ಕ, ಬಿದಿರಿನ ಚಪ್ಪರ ಹಾಕಿ ಸೋರೆ ಬಳ್ಳಿ ಹಬ್ಬಿಸಿದೆವು. ಮಾಡನ್ನು ಪಡುವಣಕ್ಕೆ ತಗ್ಗಿಸಿ ಇಟ್ಟೆವು. ಕೂತವರಿಗೆ ಕೆರೆಯೂ ಬೆಟ್ಟವೂ ಕಾಣುತ್ತದೆ, ಬಿಸಿಲು ಮುಖಕ್ಕೆ ಹೊಡೆಯುವುದಿಲ್ಲ. ಏಸಿಗೆ ಸುರಿದ ದುಡ್ಡಿನ ಹತ್ತನೇ ಒಂದು ಪಾಲು ಕೂಡ ಇದಕ್ಕೆ ಆಗಲಿಲ್ಲ.

ಆಮೇಲೆ ಮೆನು. ಕೂತು ಎಣಿಸಿದೆ. ನೂರ ಹನ್ನೆರಡು ಐಟಂ ಇದ್ದವು. ಗೋಬಿ ಮಂಚೂರಿ, ಪನ್ನೀರ್ ಬಟರ್ ಮಸಾಲ, ಏಳು ಥರದ ಫ್ರೈಡ್ ರೈಸ್. ಇದೆಲ್ಲ ವಿಜಯನಗರದ ಯಾವ ಬೀದಿಯಲ್ಲಿ ಬೇಕಾದರೂ ಸಿಗುತ್ತದೆ, ಅಲ್ವಾ? ಅದಕ್ಕೋಸ್ಕರ ಯಾರು ಊರು ಬಿಟ್ಟು ಬರುತ್ತಾರೆ? ದಿನಕ್ಕೆ ಏಳು ಊಟ ಹೋಗುವ ಕಡೆ ನೂರ ಹನ್ನೆರಡು ಐಟಂಗೆ ಸಾಮಾನು ಇಟ್ಟುಕೊಂಡರೆ ಅದು ಫ್ರಿಜ್ಜಿನಲ್ಲಿ ಕೊಳೆಯುತ್ತದೆ. ಇಲ್ಲವೇ ಕೊಳೆಯುವ ಮುಂಚೆ ಗಿರಾಕಿಯ ತಟ್ಟೆಗೆ ಬರುತ್ತದೆ. ಎರಡನೆಯದು ಇನ್ನೂ ಕೆಟ್ಟದ್ದು.

ನಮ್ಮ ಸೀಮೆಯನ್ನೇ ನೋಡಿ. ಬಿಡದಿ ಅಂದರೆ ತಟ್ಟೆ ಇಡ್ಲಿ. ಮದ್ದೂರು ಅಂದರೆ ವಡೆ. ಗಾಂಧಿ ಬಜಾರಿನ ವಿದ್ಯಾರ್ಥಿ ಭವನ 1943ರಿಂದ ಇದೆ, ಇವತ್ತಿಗೂ ಜನ ಅಲ್ಲಿ ಒಂದು ದೋಸೆಗಾಗಿ ಬಾಗಿಲ ಹೊರಗೆ ಕಾಯುತ್ತಾರೆ. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಅಕ್ಕಿ ಸಿಗದೇ ಹೋದಾಗ ಎಂಟಿಆರ್‌ನವರು ರವೆಯಲ್ಲಿ ಇಡ್ಲಿ ಮಾಡಿದರು ಅನ್ನುವುದು ನಿಮಗೆಲ್ಲ ಗೊತ್ತಿರುವ ಸಂಗತಿ. ಕೈಗೆ ಸಿಕ್ಕಿದ್ದರಲ್ಲಿ ಚೆನ್ನಾಗಿ ಮಾಡಿದ್ದು ಊರಿಗೇ ಹೆಸರು ತಂದಿತು. ತಮ್ಮನ ಹೋಟೆಲಿನ ಸುತ್ತ ಕೈಗೆ ಏನು ಸಿಗುತ್ತದೆ? ರಾಗಿ, ಹುರುಳಿ, ಅವರೆ, ಹುಚ್ಚೆಳ್ಳು, ಹೊಲದ ಬದುವಿನ ಬೆರಕೆ ಸೊಪ್ಪು, ಬೇಸಿಗೆಯಲ್ಲಿ ಮಾವು. ಇದನ್ನು ಬಿಟ್ಟು ಪಟ್ಟಣದಿಂದ ಪನ್ನೀರು ತರಿಸುತ್ತಿದ್ದ.

ಈಗ ಬೆಳಿಗ್ಗೆ ಇಡ್ಲಿ, ಅಕ್ಕಿ ರೊಟ್ಟಿ, ಹುಚ್ಚೆಳ್ಳು ಚಟ್ನಿ. ಮಧ್ಯಾಹ್ನ ಮುದ್ದೆ, ಅನ್ನ, ಒಂದು ಪಲ್ಯ, ಮಜ್ಜಿಗೆ, ಆ ದಿನದ ಸಾರು. ಒಂದು ದಿನ ಬಸ್ಸಾರು, ಒಂದು ದಿನ ಮಸ್ಸೊಪ್ಪು, ಒಂದು ದಿನ ಹುರುಳಿಕಾಳು, ಇನ್ನೊಂದು ದಿನ ಉಪ್ಪುಸಾರು ಖಾರ. ನಾಟಿ ಕೋಳಿ ಸಾರು ಬೇಕೆಂದರೆ ಹಿಂದಿನ ದಿನವೇ ಫೋನ್ ಮಾಡಬೇಕು. ನಾಟಿ ಕೋಳಿ ಬೇಯಲು ಹೊತ್ತು ಬೇಕು, ಮೊದಲೇ ತಿಳಿದರೆ ಎಷ್ಟು ಕೋಳಿ ತರಬೇಕು ಅನ್ನುವ ಲೆಕ್ಕವೂ ಸಿಗುತ್ತದೆ. ಅವರೆಕಾಯಿ ಕಾಲಕ್ಕೆ ಹಿತಕಿದ ಅವರೆಕಾಳು ಸಾರು. ಮಾವಿನ ಕಾಲಕ್ಕೆ ಮಾವಿನಕಾಯಿ ಚಿತ್ರಾನ್ನ, ರಸಪುರಿಯ ಸೀಕರಣೆ. ಊಟಕ್ಕೆ ಮುತ್ತುಗದ ಎಲೆ. ಅದನ್ನು ಹಚ್ಚಿಕೊಡುವವರು ಪಕ್ಕದ ಹಳ್ಳಿಯ ನಾಲ್ಕು ಜನ ಹೆಂಗಸರು.

ಮುದ್ದೆ ವಿಷಯದಲ್ಲಿ ನಾನು ಸ್ವಲ್ಪ ಹಟ ಮಾಡಿದೆ. ಮುಂಚಿನ ಅಡುಗೆಯವನಿಗೆ ಗಂಟಿಲ್ಲದ ಹಾಗೆ ಮುದ್ದೆ ತೊಳಸಲು ಬರುತ್ತಿರಲಿಲ್ಲ. ಊರಿನಿಂದಲೇ ಒಬ್ಬ ಅಮ್ಮನನ್ನು ಕರೆದೆವು. ಅವರ ಒಲೆಯನ್ನು ಒಳಗಿನ ಕತ್ತಲೆಯಿಂದ ತೆಗೆದು, ಊಟಕ್ಕೆ ಕೂತವರಿಗೆ ಕಾಣುವ ಜಾಗಕ್ಕೆ ತಂದೆವು. ಅವರು ಕಾಲಿನಲ್ಲಿ ಕವೆಕೋಲು ಒತ್ತಿಹಿಡಿದು ಎರಡೂ ಕೈಯಲ್ಲಿ ಹಿಟ್ಟು ತೊಳಸುವುದನ್ನು ನೋಡಲು ಮಕ್ಕಳು ಎದ್ದು ಹೋಗುತ್ತಾರೆ. ಮುದ್ದೆ ರೂಢಿ ಇಲ್ಲದವರಿಗೆ ಅರ್ಧ ಮುದ್ದೆ ಕೊಡುತ್ತೇವೆ. ಅಗಿಯಬೇಡಿ, ಸಾರಿನಲ್ಲಿ ಅದ್ದಿ ನುಂಗಿ ಅಂತ ಬಡಿಸುವ ಹುಡುಗ ಹೇಳಿಕೊಡುತ್ತಾನೆ. ಅರ್ಧ ಕೇಳಿದವರು ಎಷ್ಟೋ ಸಲ ಇನ್ನರ್ಧ ಹಾಕಿಸಿಕೊಂಡಿದ್ದಾರೆ.

ಇಷ್ಟು ಮಾಡಿದ ಮೇಲೆ ಶನಿವಾರ, ಭಾನುವಾರ ಜನ ಬಂದರು. ಮಂಗಳವಾರ ಮತ್ತೆ ಅದೇ ಖಾಲಿ ಬೆಂಚು. ವಾರದಲ್ಲಿ ಎರಡು ದಿನದ ವ್ಯಾಪಾರ ಐದು ದಿನದ ಖರ್ಚನ್ನು ಹೊರುವುದಿಲ್ಲ. ಊರಾಚೆ ಹೋಟೆಲ್‌ಗಳು ಸೋಲುವುದು ಈ ಲೆಕ್ಕದಲ್ಲೇ ಅಂತ ನನಗೆ ಅನಿಸುತ್ತದೆ.

ಒಂದು ದಿನ ಊರೊಳಗಿನ ಅರಳಿಕಟ್ಟೆ ಹತ್ತಿರ ಹೋಗಿ ಕೂತೆ. ಅಲ್ಲಿದ್ದ ಹಿರಿಯರೊಬ್ಬರನ್ನು "ನಮ್ಮ ಹೋಟೆಲ್‌ಗೆ ಯಾಕಪ್ಪಾ ಬರೋದಿಲ್ಲ?" ಅಂತ ಕೇಳಿದೆ. "ಅದು ಬೆಂಗಳೂರಿನವರಿಗೆ ಅಲ್ವೇನವ್ವಾ? ಗಾಜಿನ ಬಾಗಿಲು, ಚಪ್ಪಲಿ ಎಲ್ಲಿ ಬಿಡಬೇಕೋ ಗೊತ್ತಾಗಲ್ಲ, ಪುಸ್ತಕ ಕೈಗೆ ಕೊಡ್ತಾರೆ, ಓದೋಕೆ ಬರಲ್ಲ" ಅಂದರು. ಆ ಪುಸ್ತಕ ಅಂದರೆ ಇಂಗ್ಲಿಷ್ ಮೆನು. ನನಗೆ ತುಂಬ ನೋವಾಯಿತು. ಅವರ ಕೆರೆ, ಅವರ ಬೆಟ್ಟ, ಅವರಿಗೇ ಅಲ್ಲಿ ಕೂರಲು ಸಂಕೋಚ.

ಮೆನು ಪುಸ್ತಕ ತೆಗೆದುಹಾಕಿದೆವು. ಬಾಗಿಲಲ್ಲಿ ಕಪ್ಪು ಹಲಗೆ, ಅದರ ಮೇಲೆ ದಪ್ಪ ಕನ್ನಡ ಅಕ್ಷರದಲ್ಲಿ ಇವತ್ತಿನ ಸಾರು ಏನು, ಊಟಕ್ಕೆ ಎಷ್ಟು ಅಂತ. ಎಪ್ಪತ್ತು ರೂಪಾಯಿ. ಕಾರಿನಲ್ಲಿ ಬಂದವರಿಗೂ ಅಷ್ಟೇ, ಗದ್ದೆಯಿಂದ ಬಂದವರಿಗೂ ಅಷ್ಟೇ. ಊರಿನವರಿಗೆ ಹಿಂದುಗಡೆ ಬೇರೆ ಕೌಂಟರ್ ಮಾಡಿ, ಪೇಟೆಯವರಿಗೆ ಇನ್ನೂರು ಇಡಿ ಅಂತ ಸಲಹೆ ಕೊಟ್ಟವರಿದ್ದರು. ನಾನು ಖಂಡಿತ ಒಪ್ಪಲಿಲ್ಲ. ಒಂದೇ ಚಪ್ಪರ, ಒಂದೇ ಪಂಕ್ತಿ.

ರಾಮನಗರದಲ್ಲಿ ಏಷ್ಯಾದಲ್ಲೇ ದೊಡ್ಡದು ಅಂತ ಹೆಸರಾದ ರೇಷ್ಮೆ ಗೂಡಿನ ಮಾರುಕಟ್ಟೆ ಇದೆ. ಗೂಡು ತುಂಬಿಕೊಂಡು ಹೋಗುವ ರೈತರು ಬೆಳಿಗ್ಗೆ ಬೇಗ ಹೊರಡುತ್ತಾರೆ. ಏಳಕ್ಕೆ ಬಿಸಿ ಇಡ್ಲಿ ಸಿಗುತ್ತದೆ ಅಂತ ಗೊತ್ತಾದ ಮೇಲೆ ಅವರು ನಿಲ್ಲತೊಡಗಿದರು. ಆಮೇಲೆ ಶಾಲೆಯ ಮೇಷ್ಟ್ರುಗಳು, ಹಾಲಿನ ಡೇರಿಯವರು, ಲೈನ್‌ಮನ್‌ಗಳು. ಬೆಂಗಳೂರಿನಿಂದ ಜನರನ್ನು ಕರೆತರುವ ಟ್ಯಾಕ್ಸಿ ಚಾಲಕರಿಗೆ ಮರದ ನೆರಳಲ್ಲಿ ಮಲಗಲು ಎರಡು ಕಟ್ಟೆ ಹಾಕಿಸಿದೆವು. ಮುಂದಿನ ಸಲ ಎಲ್ಲಿ ನಿಲ್ಲಿಸಬೇಕು ಅಂತ ಪ್ರಯಾಣಿಕರು ಕೇಳುವುದು ಅವರನ್ನೇ. ನೆಲದ ಜನ ಕೂತು ಉಣ್ಣುವುದನ್ನು ಕಂಡರೆ ಪೇಟೆಯಿಂದ ಬಂದವರಿಗೂ ಊಟದ ಮೇಲೆ ನಂಬಿಕೆ ಹುಟ್ಟುತ್ತದೆ. ಇದನ್ನು ನಾನು ಕಣ್ಣಾರೆ ಕಂಡೆ.

ಹೆಂಗಸಾಗಿ ಒಂದು ಮಾತು ಹೇಳಲೇಬೇಕು. ಮೊದಲ ದಿನ ಅಲ್ಲಿನ ಶೌಚಾಲಯಕ್ಕೆ ಹೋದರೆ ಬಾಗಿಲಿಗೆ ಚಿಲಕ ಇರಲಿಲ್ಲ. ನಲ್ಲಿಯಲ್ಲಿ ನೀರಿರಲಿಲ್ಲ. ಕಾರಿನಲ್ಲಿ ತಾಯಿ, ಅತ್ತೆ, ಹೆಣ್ಣುಮಕ್ಕಳು ಇದ್ದರೆ ಎಲ್ಲಿ ನಿಲ್ಲಬೇಕು ಅನ್ನುವುದು ಇದರ ಮೇಲೆ ತೀರ್ಮಾನ ಆಗುತ್ತದೆ. ಗೋಡೆಗೆ ಹೊಸ ಬಣ್ಣ ಬಳಿಸಲು ತಮ್ಮ ಇಟ್ಟುಕೊಂಡಿದ್ದ ದುಡ್ಡನ್ನು ಪೂರ್ತಿ ಇದಕ್ಕೆ ಹಾಕಿಸಿದೆ. ಫೋನಿನ ಮ್ಯಾಪಿನಲ್ಲಿ ಹೋಟೆಲ್ ಗುರುತು ಕೆರೆಯ ಆ ದಡದಲ್ಲಿತ್ತು, ಅದನ್ನೂ ಸರಿ ಮಾಡಿಸಿದೆವು.

ಇನ್ನು ಆ ಬೆಟ್ಟ. ಜನ ಬರುತ್ತಿದ್ದರು, ಫೋಟೋ ತೆಗೆಯುತ್ತಿದ್ದರು, ಹತ್ತು ನಿಮಿಷಕ್ಕೆ ಎದ್ದು ಹೋಗುತ್ತಿದ್ದರು. ಒಂದು ದಿನ ಊಟಕ್ಕೆ ಬಂದ ನಿವೃತ್ತ ಮೇಷ್ಟ್ರೊಬ್ಬರು ನಮ್ಮ ಕಣ್ಣು ತೆರೆಸಿದರು. ರಾಮನಗರಕ್ಕೆ ಹಿಂದೆ ಕ್ಲೋಸ್‌ಪೇಟೆ ಅಂತ ಹೆಸರಿತ್ತು, ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಬ್ಯಾರಿ ಕ್ಲೋಸ್ ಎಂಬುವನ ಹೆಸರು ಅದು. ಊರಿನ ಹೆಸರು ಬದಲಾದರೂ ಭೂವಿಜ್ಞಾನಿಗಳು ಇಲ್ಲಿನ ಕಲ್ಲನ್ನು ಇವತ್ತಿಗೂ ಕ್ಲೋಸ್‌ಪೇಟೆ ಗ್ರಾನೈಟ್ ಅಂತಲೇ ಕರೆಯುತ್ತಾರೆ. ಸುಮಾರು 250 ಕೋಟಿ ವರ್ಷ ಹಳೆಯ ಕಲ್ಲು. ಹಿಮಾಲಯ ಮೇಲೇಳಲು ಶುರುವಾಗಿ ಸುಮಾರು 5 ಕೋಟಿ ವರ್ಷ ಆಗಿದೆ ಅಷ್ಟೇ. ಇದನ್ನು ಕೇಳಿ ನಾನು ಕೈಯಲ್ಲಿದ್ದ ಪಾತ್ರೆ ಹಾಗೇ ಹಿಡಿದು ಬೆಟ್ಟ ನೋಡುತ್ತಾ ನಿಂತೆ. ಈಗ ಚಪ್ಪರದ ಕಂಬಕ್ಕೆ ಒಂದು ಹಲಗೆ ಹಾಕಿದ್ದೇವೆ. ಬಂಡೆಯ ವಯಸ್ಸು, ಕೆರೆಗೆ ನೀರು ಎಲ್ಲಿಂದ ಬರುತ್ತದೆ, ಯಾವ ತಿಂಗಳು ಯಾವ ಹಕ್ಕಿ, ಎಲ್ಲ ನಾಲ್ಕೈದು ಸಾಲಿನಲ್ಲಿ. ಓದಿದವರು ಮತ್ತೊಂದು ಕಾಫಿ ತರಿಸಿಕೊಂಡು ಕೂರುತ್ತಾರೆ.

ಸ್ಪೀಕರ್ ಹಾಕಿ ಹಾಡು ಬಿಡುವುದನ್ನು ನಿಲ್ಲಿಸಿದ್ದೇವೆ. ಸ್ವಲ್ಪ ದೂರದಲ್ಲೇ ರಾಮದೇವರ ಬೆಟ್ಟ ಇದೆ, 2012ರಲ್ಲಿ ರಣಹದ್ದುಗಳ ಧಾಮ ಅಂತ ಘೋಷಣೆ ಆದ ಜಾಗ. ರಾತ್ರಿ ಬಂಡೆ ಬುಡದಲ್ಲಿ ಬೆಂಕಿ ಹಾಕಿಕೊಡಿ ಅಂತ ಕೇಳುವ ಗುಂಪುಗಳು ಬರುತ್ತವೆ, ದುಡ್ಡೂ ಜಾಸ್ತಿ ಕೊಡುತ್ತಾರೆ. ಬಂಡೆಯಲ್ಲಿ ಹೆಜ್ಜೇನು ಕಟ್ಟಿರುತ್ತದೆ. ಹೊಗೆ ತಾಗಿ ಎದ್ದರೆ ಜೀವಕ್ಕೇ ಅಪಾಯ. ತಮ್ಮ ಬೇಡ ಅಂದು ಕಳಿಸುತ್ತಾನೆ. ಆ ವಿಷಯದಲ್ಲಿ ನನಗೆ ಅವನ ಮೇಲೆ ಹೆಮ್ಮೆ ಇದೆ.

ಎಲ್ಲ ಸರಿಹೋಯಿತು ಅಂತ ಹೇಳಲಾರೆ. ಗಾಜಿನ ಗೋಡೆಯ ಸಾಲ ಇನ್ನೂ ತೀರಿಲ್ಲ. ಕೋತಿಗಳ ಕಾಟಕ್ಕೆ ಪರಿಹಾರ ಸಿಕ್ಕಿಲ್ಲ, ಜನ ಕೂತ ಮೇಲೆ ಮಾತ್ರ ಎಲೆ ಹಾಕುತ್ತೇವೆ. ಕಳೆದ ಮಂಗಳವಾರ ನಲವತ್ತಾರು ಊಟ ಹೋಯಿತು.

ಈ ಸಲದ ಚಳಿಗಾಲಕ್ಕೆ ಒಂದು ಯೋಚನೆ ಇದೆ. ನೆನೆಸಿದ ಅವರೆಕಾಳನ್ನು ಹಿತಕುವುದು ನಿಧಾನದ ಕೆಲಸ, ಒಬ್ಬಿಬ್ಬರಿಂದ ಆಗುವುದಲ್ಲ. ಬೆಳಗಿನ ತಿಂಡಿ ಮುಗಿಸಿ ಬಂಡೆ ನೋಡುತ್ತಾ ಕೂತವರ ಮುಂದೆ ಒಂದೊಂದು ಬೋಸಿ ಕಾಳು ಇಟ್ಟು, ಊರಿನ ಹೆಂಗಸರನ್ನೂ ಜೊತೆಗೆ ಕೂರಿಸೋಣ ಅಂತ. ಅವರು ಹಿತಕಿದ ಕಾಳೇ ಮಧ್ಯಾಹ್ನ ಅವರ ಸಾರಿಗೆ ಬೀಳುತ್ತದೆ. ತಮ್ಮ ಈಗಾಗಲೇ ಮಾಗಡಿ ಕಡೆಯ ಸೊಗಡಿನ ಅವರೆಕಾಯಿಗೆ ರೈತರೊಬ್ಬರ ಹತ್ತಿರ ಮಾತಾಡಿ ಬಂದಿದ್ದಾನೆ.

ನಮಸ್ಕಾರ.