ಕಲಬುರಗಿಯ ಬಿಸಿಲು ಮತ್ತು ಚರ್ಮದ ಮೇಲಿನ ಕಲೆಗಳು

ಹಿರಿಯರಿಗೆ, ತಾಯಂದಿರಿಗೆ, ಅಣ್ಣ-ತಮ್ಮಂದಿರಿಗೆ ಶರಣು ಶರಣಾರ್ಥಿಗಳು.

ದಯವಿಟ್ಟು ಎಲ್ಲರೂ ಒಮ್ಮೆ ನಿಮ್ಮ ಅಂಗೈಯ ಹಿಂಬದಿಯನ್ನು ನೋಡಿಕೊಳ್ಳಿ. ಆಮೇಲೆ ತೋಳು ಮೇಲೆತ್ತಿ, ಕಂಕುಳಿನ ಹತ್ತಿರದ ಒಳಭಾಗದ ಚರ್ಮ ನೋಡಿ. ಎರಡಕ್ಕೂ ವಯಸ್ಸು ಒಂದೇ. ಆದರೂ ಅರವತ್ತು ದಾಟಿದ ಅನೇಕರಲ್ಲಿ ಹಿಂಗೈಯ ಮೇಲೆ ಕಂದು ಚುಕ್ಕೆಗಳಿರುತ್ತವೆ, ತೋಳಿನ ಒಳಭಾಗ ಮಾತ್ರ ಮಗುವಿನ ಚರ್ಮದಷ್ಟು ಸ್ವಚ್ಛವಾಗಿರುತ್ತದೆ. "ವಯಸ್ಸಾಯಿತು, ಕಲೆ ಬಂತು, ಇನ್ನೇನು ಮಾಡುವುದು" ಎಂದು ಕೈಚೆಲ್ಲುವವರಿಗೆ ನಾನು ಮೊದಲು ತೋರಿಸುವುದು ಇದನ್ನೇ. ಈ ಕಲೆಗಳು ವರ್ಷಗಟ್ಟಲೆ ಬಿದ್ದ ಬಿಸಿಲಿನ ಲೆಕ್ಕ. ವಯಸ್ಸು ಆ ಲೆಕ್ಕ ಕೂಡಿಬರಲು ಬೇಕಾದ ಕಾಲ, ಅಷ್ಟೇ.

ನಮ್ಮ ಚರ್ಮದಲ್ಲಿ ಮೆಲನಿನ್ ಎಂಬ ಬಣ್ಣ ತಯಾರಿಸುವ ಜೀವಕೋಶಗಳಿವೆ. ಅತಿನೇರಳೆ ಕಿರಣ ಬಿದ್ದಾಗ ಅವು ಬಣ್ಣ ತಯಾರಿಸಿ ಚರ್ಮವನ್ನು ಕಾಪಾಡುತ್ತವೆ. ಅದೇ ಜಾಗಕ್ಕೆ ದಶಕಗಳ ಕಾಲ ಬಿಸಿಲು ಬಿದ್ದರೆ ಕೆಲವೆಡೆ ಆ ಕೋಶಗಳು ಹೆಚ್ಚಾಗಿ, ಬಣ್ಣವೂ ಹೆಚ್ಚಾಗಿ, ಅಲ್ಲೇ ನೆಲೆಸಿಬಿಡುತ್ತದೆ. ಚಳಿಗಾಲ ಬಂದರೂ ಅದು ಮಾಸುವುದಿಲ್ಲ. ಕಲಬುರಗಿ ಇರುವುದು ಸುಮಾರು 17 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಹಾಗಾಗಿ ಸೂರ್ಯ ವರ್ಷಕ್ಕೆ ಎರಡು ಬಾರಿ, ಮೇ ತಿಂಗಳ ಮೊದಲ ಭಾಗದಲ್ಲಿ ಒಮ್ಮೆ ಮತ್ತು ಆಗಸ್ಟ್ ಆರಂಭದಲ್ಲಿ ಇನ್ನೊಮ್ಮೆ, ನಮ್ಮ ನೆತ್ತಿಗೆ ಸರಿಯಾಗಿ ಬರುತ್ತಾನೆ. ಮೇ ತಿಂಗಳ ಉರಿ ಎಲ್ಲರಿಗೂ ಗೊತ್ತು. ಆಗಸ್ಟಿನಲ್ಲಿ ಮೋಡ ಕವಿದು ತಂಪಾಗಿರುವಾಗ ಹೊಲದಲ್ಲಿ ಕಳೆ ತೆಗೆಯುವ ಹೆಣ್ಣುಮಕ್ಕಳು ಬಿಸಿಲಿಲ್ಲವೆಂದೇ ತಿಳಿಯುತ್ತಾರೆ. ತೆಳು ಮೋಡವನ್ನು ದಾಟಿ ಅತಿನೇರಳೆ ಕಿರಣ ಬರುತ್ತಲೇ ಇರುತ್ತದೆ. ಬಿಸಿ ಬೇರೆ, ಕಿರಣ ಬೇರೆ. ನಿಮ್ಮ ನೆರಳು ನಿಮಗಿಂತ ಗಿಡ್ಡವಾಗಿದ್ದರೆ ಕಿರಣ ತೀಕ್ಷ್ಣವಾಗಿದೆ ಎಂದು ತಿಳಿಯಿರಿ, ಇದಕ್ಕೆ ಯಂತ್ರ ಬೇಕಿಲ್ಲ.

ಗಾಜಿನ ಮರೆಯಲ್ಲಿ ಕುಳಿತವರೂ ನೆಮ್ಮದಿಯಿಂದಿರುವಂತಿಲ್ಲ. ಅತಿನೇರಳೆ ಕಿರಣದಲ್ಲಿ ಯುವಿ-ಎ, ಯುವಿ-ಬಿ ಎಂಬ ಬಗೆಗಳಿವೆ. ಸಾಮಾನ್ಯ ಗಾಜು ಯುವಿ-ಬಿ ಕಿರಣವನ್ನು ಬಹುಪಾಲು ತಡೆಯುತ್ತದೆ, ಯುವಿ-ಎ ಕಿರಣವನ್ನು ಬಿಟ್ಟುಬಿಡುತ್ತದೆ. 2012ರಲ್ಲಿ ಅಮೆರಿಕದ ಒಂದು ವೈದ್ಯಕೀಯ ಪತ್ರಿಕೆಯಲ್ಲಿ 28 ವರ್ಷ ಟ್ರಕ್ ಓಡಿಸಿದ 69 ವರ್ಷದ ಚಾಲಕರೊಬ್ಬರ ಚಿತ್ರ ಪ್ರಕಟವಾಯಿತು. ಕಿಟಕಿಯ ಕಡೆಗಿದ್ದ ಎಡಗೆನ್ನೆ ದಪ್ಪಗಟ್ಟಿ ಸುಕ್ಕಾಗಿತ್ತು, ಬಲಗೆನ್ನೆ ಎಷ್ಟೋ ವರ್ಷ ಚಿಕ್ಕವರದಂತಿತ್ತು. ನಮ್ಮಲ್ಲಿ ಚಾಲಕರು ಬಲಗಡೆ ಕೂರುತ್ತಾರೆ. ಸಾರಿಗೆ ಬಸ್ ಓಡಿಸುವ ಅಣ್ಣಂದಿರು ಕನ್ನಡಿಯ ಮುಂದೆ ನಿಂತು ಬಲಗೆನ್ನೆ, ಬಲಗೈಗಳನ್ನು ಎಡದವುಗಳೊಂದಿಗೆ ಹೋಲಿಸಿ ನೋಡಿ.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆ. ಮುಖದ ಮೇಲಿನ ಎಲ್ಲ ಕಪ್ಪು ಬಿಸಿಲಿನ ಕಲೆಯಲ್ಲ. ನಮ್ಮ ಭಾಗದ ಹೆಣ್ಣುಮಕ್ಕಳಲ್ಲಿ ಎರಡೂ ಕೆನ್ನೆಗೆ ಹರಡುವ ಕಂದು ಮಬ್ಬು ಹೆಚ್ಚಾಗಿ ಬಂಗು. ಅದಕ್ಕೆ ಬಿಸಿಲಿನ ಜೊತೆಗೆ ಗರ್ಭಧಾರಣೆ, ಹಾರ್ಮೋನು, ಮನೆತನದ ಗುಣವೂ ಕಾರಣ. ಕೆನ್ನೆಯ ಮೇಲೆ ಸಾಸಿವೆ ಕಾಳಿನಷ್ಟು ಉಬ್ಬಿದ ಕಪ್ಪು ಗುಳ್ಳೆಗಳು ಇನ್ನೊಂದು ಬಗೆ, ಅವುಗಳಿಂದ ಅಪಾಯವಿಲ್ಲ. ಹಣೆ ಮತ್ತು ಕಿವಿಯ ಪಕ್ಕ ಕಪ್ಪಾಗುತ್ತಿದ್ದರೆ ಕೂದಲಿಗೆ ಹಚ್ಚುವ ಕಪ್ಪು ಬಣ್ಣದ ಮೇಲೆ ನನಗೆ ಅನುಮಾನ ಬರುತ್ತದೆ, ಅದರಲ್ಲಿರುವ ಪಿಪಿಡಿ ಎಂಬ ರಾಸಾಯನಿಕ ಹಲವರಿಗೆ ಆಗಿಬರುವುದಿಲ್ಲ. ಕುತ್ತಿಗೆ ಮಖಮಲ್ಲಿನಂತೆ ದಪ್ಪಗಾಗಿ ಕಪ್ಪಾಗಿದ್ದರೆ ಕ್ರೀಮು ಕೇಳುವ ಮೊದಲು ಸಕ್ಕರೆ ಪರೀಕ್ಷೆ ಮಾಡಿಸಬೇಕು. ಇನ್ನೂ ಒಂದಿದೆ. ಮೂಗು, ಕಣ್ಣಿನ ಸುತ್ತ ಬರುವ ಒಂದು ಬಗೆಯ ಚರ್ಮದ ಕ್ಯಾನ್ಸರ್ ನಮ್ಮಂಥ ಕಂದು ಚರ್ಮದವರಲ್ಲಿ ಕಪ್ಪು ಮಚ್ಚೆಯಂತೆಯೇ ಕಾಣಬಹುದು. ಅಂಚು ಮುತ್ತಿನಂತೆ ಹೊಳೆಯುತ್ತದೆ, ನಿಧಾನವಾಗಿ ಬೆಳೆಯುತ್ತದೆ, ಕೆಲವೊಮ್ಮೆ ನಡುವೆ ಹುಣ್ಣಾಗುತ್ತದೆ. ಹಾಗಾಗಿ ಕಲೆಯನ್ನು ಭೂತಗನ್ನಡಿಯಂಥ ಡರ್ಮೋಸ್ಕೋಪ್ ಇಟ್ಟು ನೋಡದೆ ನೇರವಾಗಿ ಲೇಸರ್ ಹೊಡೆಯುವ ಯಾರ ಬಳಿಗೂ ಹೋಗಬೇಡಿ.

ಈಗ ಇವತ್ತು ನಾನು ಬಂದಿರುವ ಮುಖ್ಯ ಕಾರಣಕ್ಕೆ ಬರುತ್ತೇನೆ. ನಮ್ಮ ಕಂದು ಚರ್ಮಕ್ಕೆ ಒಂದು ಸ್ವಭಾವವಿದೆ. ಗಾಯ, ಉರಿ, ಸುಟ್ಟದ್ದು, ಕೆರೆದದ್ದು, ಯಾವುದೇ ಪೆಟ್ಟಿಗೂ ಅದು ಬಣ್ಣದಿಂದಲೇ ಉತ್ತರ ಕೊಡುತ್ತದೆ. ಸೊಳ್ಳೆ ಕಚ್ಚಿದ ಜಾಗ ಕೂಡ ತಿಂಗಳುಗಟ್ಟಲೆ ಕಪ್ಪಗಿರುತ್ತದೆ. ಕಲೆ ತೆಗೆಯುವ ಚಿಕಿತ್ಸೆಯೇ ಪೆಟ್ಟಾದರೆ ಹೊಸ ಕಲೆ ಹುಟ್ಟುತ್ತದೆ. ನಿಂಬೆರಸ ಹಚ್ಚಿ ಬಿಸಿಲಿಗೆ ಹೋದವರ ಮುಖ ಸುಟ್ಟು ಇನ್ನಷ್ಟು ಕಪ್ಪಾಗುವುದು ಇದರಿಂದಲೇ. ಬಿಳಿಯರ ಚರ್ಮಕ್ಕೆ ಹೊಂದಿಸಿದ ಲೇಸರ್ ಶಕ್ತಿಯನ್ನು ನಮ್ಮ ಮೇಲೆ ಪ್ರಯೋಗಿಸಿದಾಗಲೂ ಹೀಗೇ ಆಗುತ್ತದೆ.

ಎಲ್ಲಕ್ಕಿಂತ ನನ್ನನ್ನು ಕಾಡುವುದು ಸ್ಟಿರಾಯ್ಡ್ ಮುಲಾಮುಗಳು. ಬೀಟಾಮೆಥಸೋನ್, ಕ್ಲೋಬೆಟಸಾಲ್, ಮೊಮೆಟಸೋನ್ ಮುಂತಾದವು ಒಳ್ಳೆಯ ಔಷಧಿಗಳೇ, ಸರಿಯಾದ ರೋಗಕ್ಕೆ ಸರಿಯಾದ ಅವಧಿಗೆ. ಪಕ್ಕದ ಮನೆಯವರು ಹೇಳಿದರೆಂದು ಔಷಧ ಅಂಗಡಿಯಿಂದ ತಂದು ಮುಖಕ್ಕೆ ಹಚ್ಚಿದರೆ ಮೊದಲ ವಾರಗಳಲ್ಲಿ ಮುಖ ಬೆಳ್ಳಗಾಗುತ್ತದೆ, ಮನಸ್ಸು ಉಬ್ಬುತ್ತದೆ. ಆಮೇಲೆ ಚರ್ಮ ತೆಳುವಾಗಿ ರಕ್ತನಾಳಗಳು ಕಾಣತೊಡಗುತ್ತವೆ, ಮೊಡವೆ ಏಳುತ್ತದೆ, ಹೆಣ್ಣುಮಕ್ಕಳ ಗಲ್ಲದಲ್ಲಿ ರೋಮ ಬೆಳೆಯುತ್ತದೆ. ಬಿಟ್ಟರೆ ಕೆಂಪಾಗಿ ಉರಿಯುತ್ತದೆ, ಬಿಡದಿದ್ದರೆ ಹಾಳಾಗುತ್ತದೆ. ಮದುವೆ ಗೊತ್ತಾದ ಹುಡುಗಿಯರು ಈ ಸ್ಥಿತಿಯಲ್ಲಿ ತಾಯಿಯ ಜೊತೆ ಬಂದು ಕುಳಿತು ಅಳುವುದನ್ನು ನೋಡಿದರೆ ಸಂಕಟವಾಗುತ್ತದೆ. 2018ರಲ್ಲೇ ಕೇಂದ್ರ ಸರ್ಕಾರ ಇಂಥ ಹಲವು ಮುಲಾಮುಗಳನ್ನು ಶೆಡ್ಯೂಲ್ ಎಚ್‌ಗೆ ಸೇರಿಸಿ, ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಮಾಡಿದೆ. ಹೆಸರಿಲ್ಲದ, ತಯಾರಕರ ವಿಳಾಸವಿಲ್ಲದ ಬೆಳ್ಳಗಾಗುವ ಕ್ರೀಮುಗಳಲ್ಲಿ ಪಾದರಸವಿರುವ ಸಾಧ್ಯತೆಯುಂಟು. ಅದು ಮೂತ್ರಪಿಂಡಕ್ಕೆ ಕೆಡುಕು.

ಹಾಗಾದರೆ ಚಿಕಿತ್ಸೆಯೇ ಇಲ್ಲವೇ? ಇದೆ, ತಾಳ್ಮೆಯಿದ್ದವರಿಗೆ ಫಲವೂ ಇದೆ. ಟ್ರೆಟಿನಾಯಿನ್, ಅಜೆಲಾಯಿಕ್ ಆಮ್ಲ, ಹೈಡ್ರೋಕ್ವಿನೋನ್ ಎಂಬ ಹಚ್ಚುವ ಔಷಧಿಗಳು ತಿಂಗಳುಗಳಲ್ಲಿ ಕಲೆಯನ್ನು ತಿಳಿಮಾಡುತ್ತವೆ. ಹೈಡ್ರೋಕ್ವಿನೋನನ್ನು ವೈದ್ಯರು ಹೇಳಿದ ದಿನ ನಿಲ್ಲಿಸಲೇಬೇಕು, ವರ್ಷಗಟ್ಟಲೆ ಹಚ್ಚಿದರೆ ಚರ್ಮಕ್ಕೆ ಬೂದು-ನೀಲಿ ಛಾಯೆ ಕೂರುತ್ತದೆ, ಅದನ್ನು ತೆಗೆಯುವುದು ಬಹಳ ಕಷ್ಟ. ಗರ್ಭಿಣಿಯರು ಟ್ರೆಟಿನಾಯಿನ್ ಮುಟ್ಟಬಾರದು. ಗ್ಲೈಕೋಲಿಕ್ ಆಮ್ಲದಂಥವುಗಳಿಂದ ಚರ್ಮದ ಮೇಲ್ಪದರ ಸುಲಿಸುವ ಪೀಲಿಂಗ್ ಇನ್ನೊಂದು ದಾರಿ. ಮೈನಸ್ 196 ಡಿಗ್ರಿಯ ದ್ರವ ಸಾರಜನಕದಿಂದ ಕಲೆಯನ್ನು ಹೆಪ್ಪುಗಟ್ಟಿಸುವ ವಿಧಾನ ಹಳೆಯದು, ಅಗ್ಗದ್ದು. ಆದರೆ ಬಣ್ಣದ ಕೋಶಗಳು ಚಳಿಗೆ ಬೇಗ ಸಾಯುವುದರಿಂದ ನಮ್ಮ ಚರ್ಮದಲ್ಲಿ ಬಿಳಿ ಮಚ್ಚೆ ಉಳಿಯಬಹುದು. ನಾನು ಅದನ್ನು ಮುಖದ ಚಪ್ಪಟೆ ಕಲೆಗಳಿಗೆ ಬಳಸಲು ಹಿಂಜರಿಯುತ್ತೇನೆ.

ಲೇಸರ್ ವಿಚಾರದಲ್ಲಿ ಹೆಚ್ಚು ಪ್ರಶ್ನೆಗಳು ಬರುತ್ತವೆ. ಸುತ್ತಲಿನ ಚರ್ಮ ಬಿಟ್ಟು ಬಣ್ಣವನ್ನು ಮಾತ್ರ ಬಿಸಿ ಮಾಡಿ ಒಡೆಯಬಹುದು ಎಂಬ ತತ್ವವನ್ನು 1983ರಲ್ಲಿ ಆಂಡರ್ಸನ್ ಮತ್ತು ಪ್ಯಾರಿಶ್ ಎಂಬ ಅಮೆರಿಕದ ವೈದ್ಯರು ಮಂಡಿಸಿದರು. ಇಂದಿನ ಕ್ಯೂ-ಸ್ವಿಚ್ಡ್ ಲೇಸರುಗಳು ಸೆಕೆಂಡಿನ ನೂರು ಕೋಟಿ ಭಾಗಗಳಲ್ಲಿ ಕೆಲವೇ ಭಾಗಗಳಷ್ಟು ಹೊತ್ತು ಬೆಳಕು ಹಾಯಿಸುತ್ತವೆ. ನಮ್ಮಲ್ಲಿ ಕಲೆಯ ಸುತ್ತಲೂ ಬಣ್ಣವಿರುವುದರಿಂದ ಕಡಿಮೆ ಶಕ್ತಿ, ಒಂದು ಸಲಕ್ಕೂ ಇನ್ನೊಂದು ಸಲಕ್ಕೂ ಹೆಚ್ಚು ದಿನಗಳ ಅಂತರ ಬೇಕು. ಮೊದಲು ಕಿವಿಯ ಮುಂದೆ ಸಣ್ಣ ಜಾಗದಲ್ಲಿ ಪರೀಕ್ಷಿಸಿ, ಕೆಲವು ವಾರ ಕಾದು ನೋಡಿ ಮುಂದುವರಿಯುವ ವೈದ್ಯರನ್ನು ಹುಡುಕಿ. ಒಂದೇ ಸಲಕ್ಕೆ ಹೋಗುತ್ತದೆ ಎನ್ನುವ ಜಾಹೀರಾತನ್ನು ನಂಬಿ ಹಣ ಕಟ್ಟಬೇಡಿ. ಖಾಸಗಿ ಖರ್ಚು ಹೊರೆಯಾದರೆ ಮೊದಲ ತಪಾಸಣೆಗೆ ನಮ್ಮ ಸರ್ಕಾರಿ ಜಿಮ್ಸ್ ಆಸ್ಪತ್ರೆ ಇದೆ, ಕಾರ್ಮಿಕ ವಿಮೆ ಇದ್ದವರಿಗೆ ಇಎಸ್‌ಐ ಆಸ್ಪತ್ರೆ ಇದೆ.

ಬಿಸಿಲಿನಿಂದ ಕಾಪಾಡಿಕೊಳ್ಳದೆ ಲೇಸರ್ ಮಾಡಿಸಿದರೆ ಕಲೆ ಮರಳಿ ಬರುತ್ತದೆ. ನಮ್ಮ ಅಜ್ಜಂದಿರ ರುಮಾಲು, ತಲೆಯ ಮೇಲೆ ಎಳೆದುಕೊಂಡ ತಾಯಂದಿರ ಸೆರಗು, ಇವು ಅಗ್ಗವಾದ, ಬೆವರಿಗೆ ಕರಗದ ರಕ್ಷಣೆ. ರುಮಾಲು ಹಣೆಯನ್ನು ಕಾಯುತ್ತದೆ, ಕೆನ್ನೆ ಮತ್ತು ಹಿಂಗೈ ಬಯಲಾಗೇ ಇರುತ್ತವೆ ಎಂಬುದೊಂದು ಕೊರತೆ. ತೊಗರಿ ರಾಶಿಗೆ, ಶಹಾಬಾದ್ ಕಲ್ಲಿನ ಗಣಿಗೆ ಹೋಗುವವರು ತುಂಬುತೋಳಿನ ಹತ್ತಿ ಅಂಗಿ ಹಾಕಿ. ಸಾಧ್ಯವಿದ್ದರೆ ಸನ್‌ಸ್ಕ್ರೀನ್ ಹಚ್ಚಿ. ಅದರ ರಕ್ಷಣೆಯ ಮಟ್ಟ ಹೇಳುವ ಎಸ್‌ಪಿಎಫ್ ಸಂಖ್ಯೆ 30 ಇದ್ದರೆ ಸಾಕು, ಅದು ಸುಮಾರು ಶೇ 97ರಷ್ಟು ಯುವಿ-ಬಿ ತಡೆಯುತ್ತದೆ, 50 ಇದ್ದದ್ದು ಶೇ 98. ಒಂದು ಅಂಶದ ವ್ಯತ್ಯಾಸಕ್ಕೆ ದುಬಾರಿ ಬೆಲೆ ತೆರುವುದಕ್ಕಿಂತ, ಎರಡು ಬೆರಳುದ್ದ ತೆಗೆದುಕೊಂಡು ಮುಖ-ಕುತ್ತಿಗೆಗೆ ಧಾರಾಳವಾಗಿ ಹಚ್ಚುವುದು, ಎರಡು ಗಂಟೆಗೊಮ್ಮೆ ಮತ್ತೆ ಹಚ್ಚುವುದು ಮುಖ್ಯ. ಬಂಗು ಇದ್ದವರು ಐರನ್ ಆಕ್ಸೈಡ್ ಇರುವ ಬಣ್ಣದ ಸನ್‌ಸ್ಕ್ರೀನ್ ಆರಿಸಿ, ಕಣ್ಣಿಗೆ ಕಾಣುವ ಬೆಳಕೂ ಬಂಗನ್ನು ಕೆರಳಿಸುತ್ತದೆ.

ಬೆಳೆಯುತ್ತಿರುವ, ರಕ್ತ ಒಸರುವ, ಒಂದೇ ಕಲೆಯಲ್ಲಿ ಎರಡು-ಮೂರು ಬಣ್ಣ ಕಾಣುವ ಮಚ್ಚೆ ಇದ್ದರೆ, ಅಂಗಾಲಿನಲ್ಲಿ ಅಥವಾ ಉಗುರಿನ ಕೆಳಗೆ ಹೊಸ ಕಪ್ಪು ಗೆರೆ ಮೂಡಿದ್ದರೆ, ಅದನ್ನು ಮುಂದಿನ ವಾರಕ್ಕೆ ದೂಡದೆ ತೋರಿಸಿ. ಉಳಿದವರು ಮನೆಯಲ್ಲಿ ಮುಖಕ್ಕೆ ಹಚ್ಚುತ್ತಿರುವ ಟ್ಯೂಬುಗಳನ್ನು ತಂದಿದ್ದರೆ ಈ ಮೇಜಿನ ಮೇಲೆ ಇಡಿ. ಒಂದೊಂದರ ಮೇಲಿನ ಸಣ್ಣ ಅಕ್ಷರ ಓದಿ, ಯಾವುದನ್ನು ಮುಂದುವರಿಸಬಹುದು, ಯಾವುದನ್ನು ಹಂತಹಂತವಾಗಿ ಬಿಡಬೇಕು ಎಂದು ಈಗಲೇ ಹೇಳುತ್ತೇನೆ.