ನಂಬರ್ ಯಾವ ಊರಿನದು?

ನಮಸ್ಕಾರ ಕೇಳುಗರೇ. ಫೋನ್ ಕೈಗೆ ಸಿಗುವ ಹಾಗಿದ್ದರೆ ಒಮ್ಮೆ ಮೆಸೇಜ್ ತೆರೆದು ನೋಡಿ. ಗಾಡಿ ಓಡಿಸುತ್ತಾ ಕೇಳುತ್ತಿರುವವರು ಈಗ ಬೇಡ, ಮನೆಗೆ ಹೋದ ಮೇಲೆ ನೋಡಿದರಾಯಿತು. ಬ್ಯಾಂಕಿನದೋ ಗ್ಯಾಸ್ ಏಜೆನ್ಸಿಯದೋ ಒಂದು ಮೆಸೇಜ್ ಇದ್ದೇ ಇರುತ್ತದೆ. ಕಳಿಸಿದವರ ಹೆಸರಿನ ಜಾಗದಲ್ಲಿ ಮೊದಲು ಎರಡು ಅಕ್ಷರ, ಒಂದು ಅಡ್ಡಗೆರೆ, ಆಮೇಲೆ ಆರು ಅಕ್ಷರ. 2025ರಿಂದ ಅದಕ್ಕೊಂದು ಬಾಲವೂ ಬಂದಿದೆ. ಬಾಲದಲ್ಲಿ ಪಿ ಇದ್ದರೆ ಜಾಹೀರಾತು, ಟಿ ಇದ್ದರೆ ವ್ಯವಹಾರದ್ದು, ಎಸ್ ಅಂದರೆ ಸೇವೆಯದು, ಜಿ ಅಂದರೆ ಸರ್ಕಾರದ್ದು. ತಲೆಯ ಕಡೆಯ ಎರಡು ಅಕ್ಷರದಲ್ಲಿ ಒಂದು ಮೊಬೈಲ್ ಕಂಪನಿಯದು, ಇನ್ನೊಂದು ಮೆಸೇಜ್ ಹೊರಟ ವಲಯದ್ದು. ನಮ್ಮ ಕರ್ನಾಟಕಕ್ಕೆ ಸಿಕ್ಕಿರುವ ಅಕ್ಷರ ಎಕ್ಸ್. ಏರ್‌ಟೆಲ್‌ನ ದೆಹಲಿ ವಲಯದಿಂದ ಹೊರಟಿದ್ದರೆ ಎ ಮತ್ತು ಡಿ, ಅಂದರೆ 'ಎಡಿ'. ಈ 'ಎಡಿ'ಯನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ನಾನು ಬೆಂಗಳೂರಿನ ಒಂದು ಕಂಪನಿಯಲ್ಲಿ ಇಂಥ ಮೆಸೇಜ್ ಕಳಿಸುವ ಕೆಲಸ ಮಾಡುತ್ತೇನೆ. ಅಂಗಡಿಯವರು, ಆಸ್ಪತ್ರೆಯವರು, ಶಾಲೆಯವರು ನಮಗೆ ಹೇಳುತ್ತಾರೆ. ನಾವು ಮೊಬೈಲ್ ಕಂಪನಿಗಳ ಮೂಲಕ ಮುಟ್ಟಿಸುತ್ತೇವೆ. ನೆಂಟರ ಮನೆಯಲ್ಲಿ ಇದನ್ನು ಹೇಳಿದರೆ "ಓ, ಆ ಕಾಟ ಕೊಡೋರು ನೀವೇನಾ?" ಅಂತಾರೆ. ಸುಮ್ನೆ ನಕ್ಕುಬಿಡುತ್ತೇನೆ. ಇವತ್ತು ಹೇಳಬೇಕು ಅಂದುಕೊಂಡಿರುವುದು, ಇದೇ ಮೆಸೇಜ್ ದೇಶ ದಾಟಿ ಹೋಗುವಾಗ ಏನೇನು ಪಾಡು ಪಡುತ್ತದೆ ಅಂತ.

ಈಚಿನ ಒಂದು ಅಕ್ಟೋಬರ್ ತಿಂಗಳು. ಮಂಗಳೂರಿನ ಸೀರೆ ಅಂಗಡಿಯ ಯಜಮಾನರೊಬ್ಬರು ಫೋನ್ ಮಾಡಿದರು. "ನಮ್ಮ ಗಿರಾಕಿಗಳೆಲ್ಲ ಹೊರಗೆ ಇರುವುದು ಮಾರಾಯ್ರೆ. ದುಬೈ, ಶಾರ್ಜಾ, ಸಿಂಗಪುರ, ನ್ಯೂಜೆರ್ಸಿ. ದೀಪಾವಳಿಗೆ ಎಲ್ಲರಿಗೂ ಒಂದು ಮೆಸೇಜ್ ಹೋಗಬೇಕು. ಎಷ್ಟಾಗುತ್ತದೆ?" ಊರೊಳಗೆ ಒಂದು ಮೆಸೇಜಿಗೆ ಪೈಸೆ ಲೆಕ್ಕ, ಹೊರದೇಶಕ್ಕೆ ರೂಪಾಯಿ ಲೆಕ್ಕ. ನಾವು ಹೇಳಿದ ದರ ಕೇಳಿ ಅವರು ಹೌಹಾರಿದರು. ಜತೆಗೆ ನಾವು ದಾಖಲೆ ಬೇರೆ ಕೇಳಿದ್ದೆವು, ಇಷ್ಟು ವಾರ ಹಿಡಿಯಬಹುದು ಅಂತಲೂ ಹೇಳಿದ್ದೆವು. ಹದಿನೈದು ದಿನ ಸುದ್ದಿ ಇಲ್ಲ. ದೀಪಾವಳಿ ಕಳೆದ ಮೇಲೆ ಮತ್ತೆ ಫೋನ್ ಬಂತು. ದನಿ ಸ್ವಲ್ಪ ಸಣ್ಣಗಾಗಿತ್ತು.

ಬೇರೆ ಯಾರೋ ಮೂರನೇ ಒಂದು ದರಕ್ಕೆ ಕಳಿಸಿಕೊಟ್ಟಿದ್ದರು. ಕಾಗದ ಇಲ್ಲ, ಪತ್ರ ಇಲ್ಲ, ಒಂದೇ ದಿನದಲ್ಲಿ ಕೆಲಸ ಮುಗಿದಿತ್ತು. ಡೆಲಿವರಿ ರಿಪೋರ್ಟ್ ಕೂಡ ಕೊಟ್ಟಿದ್ದರು. ನೂರಕ್ಕೆ ನೂರು ಮುಟ್ಟಿದೆ ಅಂತ. ನಮ್ಮ ಕಸುಬಿನಲ್ಲಿ ನೂರಕ್ಕೆ ನೂರು ಅಂದರೇ ಅನುಮಾನ. ಎಷ್ಟೇ ಚೆನ್ನಾಗಿ ಕಳಿಸಿದರೂ ಕೆಲವು ಫೋನ್ ಆಫ್ ಆಗಿರುತ್ತವೆ, ಕೆಲವು ನಂಬರ್ ಸತ್ತಿರುತ್ತವೆ. ಯಜಮಾನರು ಪರಿಚಯದವರಿಗೆಲ್ಲ ಫೋನ್ ಮಾಡಿ ವಿಚಾರಿಸಿದಾಗ ನಿಜ ಹೊರಬಿತ್ತು. ಅಮೆರಿಕದಲ್ಲಿ ಯಾರಿಗೂ ಬಂದಿರಲಿಲ್ಲ. ದುಬೈಯಲ್ಲಿ ಯಾವುದೋ ಗುರುತಿಲ್ಲದ ಮೊಬೈಲ್ ನಂಬರಿನಿಂದ ಬಂದಿತ್ತು, ಓದದೇ ಅಳಿಸಿದ್ದರು. ಸಿಂಗಪುರದಲ್ಲಿ ಮಾತ್ರ ಸರಿಯಾಗಿ ಬಂದಿತ್ತು. ಆದರೆ ಅಂಗಡಿಯ ಹೆಸರಿರಬೇಕಾದ ಜಾಗದಲ್ಲಿ 'ಲೈಕ್ಲಿ ಸ್ಕ್ಯಾಮ್' ಅಂತ ಇತ್ತು. ಇದು ಬಹುಶಃ ಮೋಸ, ಅಂತ ಅರ್ಥ.

"ಮೂರು ತಲೆಮಾರಿನ ಅಂಗಡಿ ಮಾರಾಯ್ರೆ. ನಮ್ಮನ್ನು ಕಳ್ಳರು ಅಂದುಬಿಟ್ಟರಲ್ಲ!"

ಆ ಮಾತು ಯಾಕೆ ಬಂತು ಅಂತ ಅವರಿಗೆ ವಿವರಿಸಲು ನನಗೆ ಅರ್ಧ ಗಂಟೆ ಬೇಕಾಯಿತು. ಕಳಿಸಿದವರ ಹೆಸರು ಅಂತ ನಾವು ಯಾವುದನ್ನು ನೋಡುತ್ತೇವೋ ಅದು ಬರೀ ಒಂದು ಚೀಟಿ. ಕಳಿಸುವವನು ಏನು ಬರೆದು ಅಂಟಿಸುತ್ತಾನೋ ಅದೇ ಕಾಣುತ್ತದೆ. ಮೊದಲಿನಿಂದ ಅದನ್ನು ಪರೀಕ್ಷಿಸುವ ಏರ್ಪಾಡೇ ಇರಲಿಲ್ಲ. ಫೋನಿಗೂ ಅಷ್ಟೇ, ಒಂದೇ ಹೆಸರಿನಿಂದ ಬಂದದ್ದನ್ನೆಲ್ಲ ಒಂದೇ ಸಾಲಿನಲ್ಲಿ ಜೋಡಿಸಿಡುತ್ತದೆ. 2021ರ ಡಿಸೆಂಬರಿನಲ್ಲಿ ಸಿಂಗಪುರದ ಓಸಿಬಿಸಿ ಬ್ಯಾಂಕಿನ ಹೆಸರನ್ನು ವಂಚಕರು ಹೀಗೇ ಅಂಟಿಸಿಕೊಂಡರು. ನಿನ್ನೆ ಬ್ಯಾಂಕಿನಿಂದ ಬಂದ ನಿಜವಾದ ಓಟಿಪಿ, ಅದರ ಕೆಳಗೇ ಇವತ್ತಿನ ಸುಳ್ಳು ಮೆಸೇಜ್. ಯಾರಿಗೆ ತಾನೇ ಅನುಮಾನ ಬರುತ್ತದೆ? 790 ಗ್ರಾಹಕರು ಒಟ್ಟು 1 ಕೋಟಿ 37 ಲಕ್ಷ ಸಿಂಗಪುರ ಡಾಲರ್ ಕಳೆದುಕೊಂಡರು. ಅದಾದ ಮೇಲೆ ಅಲ್ಲಿಯ ಸರ್ಕಾರ, ಹೆಸರು ಹಾಕಿ ಮೆಸೇಜ್ ಕಳಿಸುವವರೆಲ್ಲ ಆ ಹೆಸರನ್ನು ನೋಂದಾಯಿಸಲೇಬೇಕು ಅಂತ ಮಾಡಿತು. 2023ರ ಜನವರಿ 31ರಿಂದ ಅದು ಕಡ್ಡಾಯ. ನೋಂದಣಿ ಇಲ್ಲದ ಹೆಸರಿಗೆ ಈ 'ಲೈಕ್ಲಿ ಸ್ಕ್ಯಾಮ್' ಹಣೆಪಟ್ಟಿ.

ಸರಿ, ನೋಂದಾಯಿಸಿಬಿಡೋಣ ಅಂದರು ಯಜಮಾನರು. ಆದರೆ ಅದಕ್ಕೆ ಸಿಂಗಪುರದಲ್ಲಿ ಸಂಸ್ಥೆಗಳಿಗೆ ಕೊಡುವ ಗುರುತಿನ ಸಂಖ್ಯೆ ಬೇಕು. ಮಂಗಳೂರಿನ ಸೀರೆ ಅಂಗಡಿಗೆ ಅದು ಎಲ್ಲಿಂದ ಬರಬೇಕು? ಸಿಂಗಪುರದಲ್ಲಿ ಅವರ ಗಿರಾಕಿಗಳು ನಲವತ್ತು ಮಂದಿ ಇದ್ದರು, ಅಷ್ಟೆ. ನಲವತ್ತು ಸೀರೆಗೋಸ್ಕರ ಅಲ್ಲೊಂದು ಕಂಪನಿ ತೆರೆಯಲಾದೀತೇ! ಎಸ್‌ಎಂಎಸ್ ಆಸೆ ಬಿಟ್ಟು, ಅವರಿಗೆ ಅಂಗಡಿಯ ಹುಡುಗಿ ಒಬ್ಬೊಬ್ಬರಿಗೇ ಫೋನ್ ಮಾಡುವುದು ಅಂತಾಯಿತು.

ಇನ್ನು ಆ ನೂರಕ್ಕೆ ನೂರು ರಿಪೋರ್ಟಿನ ಗುಟ್ಟು. ಆ ಅಗ್ಗದ ಮೆಸೇಜ್ ಹೋದ ಕಳ್ಳದಾರಿಗೆ ನಮ್ಮವರು ಗ್ರೇ ರೂಟ್ ಅನ್ನುತ್ತಾರೆ. ಒಂದು ಪೆಟ್ಟಿಗೆ, ಅದರೊಳಗೆ ಸಾಲಾಗಿ ಹತ್ತಾರು, ಕೆಲವೊಮ್ಮೆ ನೂರಾರು ಸಿಮ್ ಕಾರ್ಡು. ಯಾವುದೋ ದೇಶದ ಯಾವುದೋ ಕೋಣೆಯಲ್ಲಿ ಅದು ಕೂತಿರುತ್ತದೆ. ವ್ಯಾಪಾರದ ಮೆಸೇಜನ್ನೇ ಒಬ್ಬ ಮನುಷ್ಯ ತನ್ನ ಗೆಳೆಯನಿಗೆ ಕಳಿಸಿದ ಹಾಗೆ ಸಾಗಿಸುತ್ತದೆ. ಹಾಗಾಗಿ ಅಗ್ಗ. ಹಾಗಾಗಿಯೇ ಗುರುತಿಲ್ಲದ ನಂಬರ್. ಅಲ್ಲಿಯ ಮೊಬೈಲ್ ಕಂಪನಿ ಇದನ್ನು ಹಿಡಿದರೆ ಸಿಮ್ ಬಂದ್. ಮೆಸೇಜ್ ಮುಟ್ಟಲಿ ಬಿಡಲಿ, 'ಮುಟ್ಟಿದೆ' ಅಂತ ರಿಪೋರ್ಟ್ ಬರೆಯುವುದಕ್ಕೆ ಖರ್ಚಿಲ್ಲವಲ್ಲ.

ಸರಿಯಾದ ದಾರಿಯಲ್ಲೇ ಹೋಗೋಣ ಅಂತ ಕೂತೆವು. ಮೊದಲ ಕೆಲಸ ನಂಬರ್ ಶುದ್ಧ ಮಾಡುವುದು. ಅಂಗಡಿಯ ಪಟ್ಟಿಯಲ್ಲಿ ದುಬೈ ನಂಬರುಗಳೇ ಮೂರು ವೇಷದಲ್ಲಿದ್ದವು. ಕೆಲವು ಸೊನ್ನೆ ಐದು ಸೊನ್ನೆ ಅಂತ ಶುರು, ಕೆಲವು ಎರಡು ಸೊನ್ನೆ ಹಾಕಿ 971, ಕೆಲವು ಪ್ಲಸ್ ಹಾಕಿ 971. ಯಂತ್ರಕ್ಕೆ ಬೇಕಾದ್ದು ಕೊನೆಯದು. ಪ್ಲಸ್, ದೇಶದ ಸಂಖ್ಯೆ, ಆಮೇಲೆ ಅಲ್ಲಿಯವರು ಮುಂದೆ ಹಾಕಿಕೊಳ್ಳುವ ಸೊನ್ನೆ ಬಿಟ್ಟು ಉಳಿದದ್ದು. ಎಲ್ಲ ಸೇರಿ 15 ಅಂಕಿ ಮೀರಬಾರದು. ಇದು ಲೋಕಕ್ಕೆಲ್ಲ ಒಂದೇ ಲೆಕ್ಕ.

ಆ ಪಟ್ಟಿಯಲ್ಲಿ ಒಂದು ತಮಾಷೆ ಇತ್ತು. ದುಬೈ ಗಿರಾಕಿ ಅಂತ ಬರೆದಿದ್ದ ಎಷ್ಟೋ ನಂಬರ್ +91. ಗಲ್ಫಿನಲ್ಲಿರುವ ನಮ್ಮ ಕರಾವಳಿಯವರು ಊರಿನ ಸಿಮ್ ಬಿಡುವುದಿಲ್ಲ, ಬ್ಯಾಂಕಿನ ಓಟಿಪಿಗೆ ಅದು ಬೇಕು. ಮನುಷ್ಯ ಶಾರ್ಜಾದಲ್ಲಿದ್ದರೂ ಆ ನಂಬರಿಗೆ ಹೋಗುವ ಮೆಸೇಜ್ ಭಾರತದ ಮೊಬೈಲ್ ಕಂಪನಿಯ ಕೈ ದಾಟಿಯೇ ಹೋಗಬೇಕು. ಹಾಗಾಗಿ ಅಲ್ಲಿ ನಡೆಯುವುದು ಭಾರತದ ನಿಯಮ. ನಾವು ಕೆಲಸ ಶುರು ಮಾಡುವಾಗ ಕೇಳುವ ಮೊದಲ ಪ್ರಶ್ನೆಯೇ ಇದು. ಗಿರಾಕಿ ಎಲ್ಲಿದ್ದಾರೆ ಅಂತಲ್ಲ, ನಂಬರ್ ಯಾವ ಊರಿನದು ಅಂತ.

ಭಾರತದ ನಿಯಮವೇನು ಕಡಿಮೆ ಬಿಗಿಯಲ್ಲ. 2018ರಲ್ಲಿ ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್ ಹೊಸ ಕಟ್ಟಳೆ ತಂದಿತು. ಕಳಿಸುವ ಸಂಸ್ಥೆ, ಹೆಸರಿನ ಆ ಆರು ಅಕ್ಷರ, ಕೊನೆಗೆ ಮೆಸೇಜಿನ ವಾಕ್ಯ ಕೂಡ ಮೊದಲೇ ನೋಂದಣಿ ಆಗಿರಬೇಕು. ಇದಕ್ಕೆ ನಾವು ಡಿಎಲ್‌ಟಿ ಅನ್ನುತ್ತೇವೆ. ವಾಕ್ಯದಲ್ಲಿ ಹೆಸರು, ಮೊತ್ತ, ತಾರೀಖಿನ ಜಾಗ ಮಾತ್ರ ಖಾಲಿ ಬಿಡಬಹುದು. ಉಳಿದದ್ದು ಅಕ್ಷರಕ್ಕಕ್ಷರ ಹೊಂದಬೇಕು. 2021ರ ಮಾರ್ಚ್ 8ರಂದು ಈ ವಾಕ್ಯದ ತಪಾಸಣೆ ನಿಜವಾಗಿಯೂ ಶುರುವಾಯಿತು. ಆ ದಿನ ನನಗೆ ಇವತ್ತಿಗೂ ಮರೆತಿಲ್ಲ. ಬ್ಯಾಂಕಿನ ಓಟಿಪಿ ನಿಂತಿತು, ಆಧಾರ್ ಓಟಿಪಿ ನಿಂತಿತು, ಕೋವಿನ್‌ನಲ್ಲಿ ಲಸಿಕೆಗೆ ಹೆಸರು ಬರೆಸುತ್ತಿದ್ದ ಹಿರಿಯರು ಫೋನ್ ನೋಡುತ್ತಾ ಕೂತರು. ನಮ್ಮ ಆಫೀಸಿನ ಫೋನ್ ಒಂದು ನಿಮಿಷ ಸುಮ್ಮನಿರಲಿಲ್ಲ. ಮಾರನೆಯ ದಿನ ಟ್ರಾಯ್ ಅದನ್ನು ಒಂದು ವಾರ ತಡೆಹಿಡಿಯಿತು.

ಈಗ ಆ 'ಎಡಿ'ಗೆ ಬರೋಣ. ನಮ್ಮಲ್ಲಿ ಅದು ಏರ್‌ಟೆಲ್, ದೆಹಲಿ. ದುಬೈ, ಅಬುಧಾಬಿ ಇರುವ ಯುಎಇಯಲ್ಲಿ ಹೆಸರಿನ ಶುರುವಿಗೆ 'ಎಡಿ' ಮತ್ತು ಅಡ್ಡಗೆರೆ ಬಂದರೆ ಇದು ಅಡ್ವರ್ಟೈಸ್‌ಮೆಂಟ್ ಅಂತ. ಜಾಹೀರಾತು ಕಳಿಸುವವರು ಹಾಕಲೇಬೇಕು. ಪಕ್ಕದ ಸೌದಿಯಲ್ಲೂ ಇದೇ ಎರಡಕ್ಷರ, ಆದರೆ ಅಲ್ಲಿ ಹೆಸರಿನ ಕೊನೆಗೆ. ಕಳಿಸುವವರ ಹೆಸರಿಗೆ ಇರುವ ಜಾಗವೇ 11 ಅಕ್ಷರ. ಅದರಲ್ಲಿ ಮೂರು ಹೀಗೆ ಹೋದರೆ ಉಳಿಯುವುದು ಎಂಟು. ಯಜಮಾನರ ಅಂಗಡಿಗೆ ಅವರ ಅಜ್ಜಿಯ ಹೆಸರು, ಅದರ ಮುಂದೆ ಸಿಲ್ಕ್ಸ್ ಅಂತ. ಎಂಟರಲ್ಲಿ ಹಿಡಿಯಲಿಲ್ಲ. ಅಜ್ಜಿಯನ್ನು ಇಡುವುದೋ ಸಿಲ್ಕ್ಸ್ ಇಡುವುದೋ ಅಂತ ಮನೆಯಲ್ಲಿ ಎರಡು ದಿನ ಚರ್ಚೆ ಆಯಿತಂತೆ. ಅಜ್ಜಿ ಗೆದ್ದರು. ಆ ಹೆಸರಿಗೆ ಒಪ್ಪಿಗೆ ಬರುವಷ್ಟರಲ್ಲಿ ಅಂಗಡಿಯ ಪರವಾನಗಿ, ಲೆಟರ್‌ಹೆಡ್‌ನಲ್ಲಿ ಸಹಿ ಹಾಕಿದ ಪತ್ರ, ಕಳಿಸುವ ಮೆಸೇಜಿನ ನಮೂನೆ ಅಂತ ಓಡಾಡಿ ವಾರಗಳೇ ಕಳೆದವು.

ಮೆಸೇಜಿನ ನಮೂನೆ ಅಂದೆನಲ್ಲ, ಅದರದ್ದೂ ಒಂದು ಕತೆ. ಇಂಗ್ಲಿಷಿನಲ್ಲಿ ಬರೆದರೆ ಒಂದು ಎಸ್‌ಎಂಎಸ್‌ನಲ್ಲಿ 160 ಅಕ್ಷರ ಹಿಡಿಯುತ್ತದೆ. ಕನ್ನಡದಲ್ಲಿ ಸಾಮಾನ್ಯವಾಗಿ 70. ಅದೂ ನಾವು ಓದುವ ಅಕ್ಷರದ ಲೆಕ್ಕ ಅಲ್ಲ. ಕೊಂಬು, ದೀರ್ಘ, ಒತ್ತು ಎಲ್ಲಕ್ಕೂ ಬೇರೆ ಬೇರೆ ಜಾಗ. 'ದೀಪಾವಳಿ ಹಬ್ಬದ ಹಾರ್ದಿಕ ಶುಭಾಶಯಗಳು' ಅನ್ನುವಷ್ಟರಲ್ಲಿ 31 ಖರ್ಚಾಗಿರುತ್ತದೆ. 70 ದಾಟಿದರೆ ಎರಡು ಮೆಸೇಜಿನ ದುಡ್ಡು. ಯಜಮಾನರು ಇದನ್ನು ಕೇಳಿ ಇಂಗ್ಲಿಷೇ ಇರಲಿ ಅಂದರು. ಬರೆದು ಕಳಿಸಿದ್ದು 120 ಅಕ್ಷರ. ಯಂತ್ರಕ್ಕೆ ಹಾಕಿದರೆ ಆಗಲೂ ಎರಡು ಮೆಸೇಜ್ ಅಂತ ತೋರಿಸುತ್ತಿದೆ! ಹುಡುಕಿದರೆ ಮಧ್ಯದಲ್ಲಿ ರೂಪಾಯಿಯ ಗುರುತು ಇತ್ತು. ಎಸ್‌ಎಂಎಸ್‌ನ ಹಳೆಯ ಅಕ್ಷರಪಟ್ಟಿಯಲ್ಲಿ ಡಾಲರ್ ಇದೆ, ಪೌಂಡ್ ಇದೆ, ಜಪಾನಿನ ಯೆನ್ ಇದೆ. ನಮ್ಮ ರೂಪಾಯಿ ಗುರುತು ಹುಟ್ಟಿದ್ದೇ 2010ರಲ್ಲಿ, ಪಟ್ಟಿಯಲ್ಲಿ ಅದು ಇಲ್ಲ. ಆ ಒಂದು ಗುರುತು ಬಂದರೆ ಇಡೀ ಮೆಸೇಜ್ 70ರ ಲೆಕ್ಕಕ್ಕೆ ಜಾರುತ್ತದೆ. ಗುರುತು ತೆಗೆದು ಆರ್‌ಎಸ್ ಅಂತ ಹಾಕಿದೆವು. ಖರ್ಚು ಅರ್ಧಕ್ಕಿಳಿಯಿತು.

ಎಲ್ಲಕ್ಕಿಂತ ಜಾಸ್ತಿ ತಲೆನೋವು ಅಮೆರಿಕದ್ದು. ಮೊದಲನೆಯದಾಗಿ ಅಲ್ಲಿ ಹೆಸರು ಹಾಕುವ ಹಾಗೇ ಇಲ್ಲ, ನಂಬರಿನಿಂದಲೇ ಕಳಿಸಬೇಕು. ಅಜ್ಜಿಗೆ ಅಲ್ಲಿ ಪ್ರವೇಶ ಇಲ್ಲ. ಆ ನಂಬರಿಗೂ ನೋಂದಣಿ ಬೇಕು. ಯಾವ ಸಂಸ್ಥೆ, ಯಾಕೆ ಕಳಿಸುತ್ತೀರಿ, ಮಾದರಿ ಮೆಸೇಜ್ ತೋರಿಸಿ ಅಂತಾರೆ. ಆಮೇಲೆ ಬರುತ್ತದೆ ನಿಜವಾದ ಪ್ರಶ್ನೆ. ಆ ಗಿರಾಕಿ ನಿಮಗೆ ಒಪ್ಪಿಗೆ ಕೊಟ್ಟಿದ್ದಾರಾ?

"ನನ್ನ ಪುಸ್ತಕದಲ್ಲಿ ಅವರೇ ಕೈಯಾರೆ ನಂಬರ್ ಬರೆದಿದ್ದಾರೆ ಮಾರಾಯ್ರೆ" ಅಂದರು ಯಜಮಾನರು.

ಬರೆದದ್ದು ನಿಜ. ಆದರೆ ಯಾಕೆ ಬರೆದರು? ಬ್ಲೌಸ್ ಹೊಲಿದು ಆದ ಮೇಲೆ ತಿಳಿಸಿ ಅಂತ. ಅದು ಜಾಹೀರಾತಿಗೆ ಕೊಟ್ಟ ಒಪ್ಪಿಗೆ ಆಗುವುದಿಲ್ಲ. ಅಮೆರಿಕದಲ್ಲಿ 1991ರ ಕಾನೂನೊಂದಿದೆ, ಟಿಸಿಪಿಎ ಅಂತ. ಒಪ್ಪಿಗೆ ಇಲ್ಲದೆ ಯಂತ್ರದಿಂದ ಕಳಿಸಿದ ಒಂದೊಂದು ಮೆಸೇಜಿಗೂ 500 ಡಾಲರ್ ಕೇಳಿ ಗಿರಾಕಿ ಕೋರ್ಟಿಗೆ ಹೋಗಬಹುದು. ಬೇಕೆಂದೇ ಮಾಡಿದ್ದು ಅಂತ ಸಾಬೀತಾದರೆ 1500 ಡಾಲರ್‌ವರೆಗೆ. ಇದನ್ನು ಹೇಳಿದ ಮೇಲೆ ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದಿಲ್ಲ. ಸೀರೆ ಎಷ್ಟು ಮಾರಿದರೆ 500 ಡಾಲರ್ ಅಂತ ಲೆಕ್ಕ ಹಾಕುತ್ತಿದ್ದರೇನೋ. ಹಿಂದಿನ ಏಜೆನ್ಸಿ ಕಳಿಸಿದ್ದು ಅಲ್ಲಿಗೆ ಮುಟ್ಟದೇ ಹೋದದ್ದು ಎಂಥ ಪುಣ್ಯ ಅಂತ ಅವರಿಗೆ ಆಗ ಅನ್ನಿಸಿತು. ಅದರಲ್ಲೂ ಅವರು ಕಳಿಸಿದ್ದು ಇಲ್ಲಿಯ ಬೆಳಿಗ್ಗೆ 10 ಗಂಟೆಗೆ. ನ್ಯೂಜೆರ್ಸಿಯಲ್ಲಿ ಆಗ ನಡುರಾತ್ರಿ ಹನ್ನೆರಡೂವರೆ. ಮಾರಾಟದ ಮಾತಿಗೆ ಅಲ್ಲಿ ಬೆಳಿಗ್ಗೆ 8ರಿಂದ ರಾತ್ರಿ 9ರ ತನಕ ಮಾತ್ರ ಅವಕಾಶ, ಅದೂ ಪಡೆಯುವವರ ಊರಿನ ಗಡಿಯಾರದಲ್ಲಿ.

ಹೊತ್ತಿನ ಈ ಲೆಕ್ಕ ದೇಶದಿಂದ ದೇಶಕ್ಕೆ ಬೇರೆ. ಫ್ರಾನ್ಸ್‌ನಲ್ಲಿ ಭಾನುವಾರ ಜಾಹೀರಾತಿನ ಮೆಸೇಜ್ ಕಳಿಸುವಂತೆಯೇ ಇಲ್ಲ. ನನಗೇನೋ ಇದು ತುಂಬಾ ಇಷ್ಟವಾದ ನಿಯಮ. ನಮ್ಮಲ್ಲೂ ಬರಲಿ ಅಂದರೆ ಆಫೀಸಿನಲ್ಲಿ ಮುಖ ಸಿಂಡರಿಸುತ್ತಾರೆ.

ಕೊನೆಗೆ ಹೀಗೆ ಮಾಡಿದೆವು. ಅಂಗಡಿಯ ವೆಬ್‌ಸೈಟಿನಲ್ಲಿ ಒಂದು ಪುಟ. ಹಬ್ಬದ ಸುದ್ದಿ ನಿಮ್ಮ ಫೋನಿಗೆ ಬೇಕೇ ಅಂತ ಒಂದು ಖಾಲಿ ಚೌಕ. ನಾವೇ ಮೊದಲೇ ಟಿಕ್ ಹಾಕಿಟ್ಟಿರಬಾರದು, ಅವರೇ ಹಾಕಬೇಕು. ಡಿಸೆಂಬರಿನಲ್ಲಿ ಊರಿಗೆ ಬಂದವರಿಗೆ ಬಿಲ್ ಕೌಂಟರಿನಲ್ಲೇ ಫೋನ್ ತೆಗೆಸಿ ಆ ಪುಟ ತೋರಿಸಿದರು. ನಾನೂರಕ್ಕೂ ಜಾಸ್ತಿ ಅಮೆರಿಕದ ನಂಬರುಗಳಿದ್ದ ಪಟ್ಟಿ ನೂರರ ಒಳಗೆ ಇಳಿಯಿತು. ಯಜಮಾನರಿಗೆ ಬೇಜಾರಾಯಿತು. ನಾನು ಸುಮ್ಮನಿದ್ದೆ. ಆ ನೂರು ಜನ ಬೇಕು ಅಂದವರು, ಉಳಿದವರು ಯಾವತ್ತೂ ಹಾಗಂದವರಲ್ಲ.

ಏಪ್ರಿಲ್‌ನಲ್ಲಿ ಬಿಸು ಹಬ್ಬಕ್ಕೆ ಮೆಸೇಜ್ ಹೊರಟಿತು. ಇಲ್ಲಿಯ ಸಂಜೆ ಐದೂವರೆ ದಾಟಿದ ಮೇಲೆ. ದುಬೈಯಲ್ಲಿ ಆಗ ಸಂಜೆ ನಾಲ್ಕು, ನ್ಯೂಜೆರ್ಸಿಯಲ್ಲಿ ಬೆಳಿಗ್ಗೆ ಎಂಟು. ಕ್ಯಾಲಿಫೋರ್ನಿಯಾದವರು ಮಲಗಿದ್ದರು, ಅವರಿಗೆ ಮೂರೂವರೆ ತಾಸು ಬಿಟ್ಟು. ರಿಪೋರ್ಟಿನಲ್ಲಿ ನೂರಕ್ಕೆ ತೊಂಬತ್ತನಾಲ್ಕು ಮುಟ್ಟಿದೆ ಅಂತ ಬಂತು. ನೋಡಿ ಸಮಾಧಾನ ಆಯಿತು.

ಅಮೆರಿಕದ ಮೆಸೇಜಿನ ಕೊನೆಗೆ 'ಬೇಡವಾದರೆ ಸ್ಟಾಪ್ ಅಂತ ಉತ್ತರಿಸಿ' ಅಂತ ಇರುತ್ತದೆ. ಹಾಗೆ ಉತ್ತರಿಸಿದವರಿಗೆ ಮತ್ತೆ ಕಳಿಸುವಂತಿಲ್ಲ, ಯಂತ್ರವೇ ತಡೆಯುತ್ತದೆ. ರಾತ್ರಿ ಯಜಮಾನರು ಫೋನ್ ಮಾಡಿ ಯಾರಾದರೂ ಸ್ಟಾಪ್ ಅಂದರಾ ಅಂತ ಕೇಳಿದರು. ಮೂರು ಮಂದಿ ಅಂದೆ. ನಂಬರ್ ಓದಿ ಅಂದರು. ಎರಡನೆಯದನ್ನು ಪೂರ್ತಿ ಓದಲು ಬಿಡಲಿಲ್ಲ.

"ಅದು ನಮ್ಮ ಅಳಿಯನದ್ದಲ್ವಾ!"

ಒಪ್ಪಿಗೆಯ ಚೌಕಕ್ಕೆ ಟಿಕ್ ಹಾಕಿದ್ದು ಮಗಳಂತೆ, ನಂಬರ್ ಮಾತ್ರ ಗಂಡನದು ಕೊಟ್ಟಿದ್ದಳಂತೆ.

"ಇನ್ನು ಅವನಿಗೆ ಕಳಿಸಲಿಕ್ಕೇ ಆಗುವುದಿಲ್ವಾ?"

"ಇಲ್ಲ ಸರ್. ಅವರಾಗಿಯೇ ಸ್ಟಾರ್ಟ್ ಅಂತ ಕಳಿಸಿದರೆ ಮಾತ್ರ."

ಸ್ವಲ್ಪ ಹೊತ್ತು ಯೋಚಿಸಿದರು. "ಬೇಡ ಬಿಡಿ. ಮಗಳ ನಂಬರ್ ಕೇಳಿ ಕಳಿಸುತ್ತೇನೆ, ಬರೆದುಕೊಳ್ಳಿ" ಅಂದರು. ನಾನು ಬರೆದುಕೊಳ್ಳಲಿಲ್ಲ. ಆ ಪುಟದ ಲಿಂಕ್ ಕಳಿಸಿದೆ.